‘ಇತರೆ’ ಎಂಬ ಫೋಲ್ಡರ್

ಪೋರ್ಟ್ ಹೆನ್ನಕ್ ಕೌನ್ಸಿಲ್ ಆಮೆಗಿಂತ ನಿಧಾನ ಎಂದು ಊರಲ್ಲಿ ಎಲ್ಲರಿಗಿಂತ ಜೋರಾಗಿ ದೂರುತ್ತಿದ್ದವನು ಕ್ಲೆಮ್ ರೊಡ್ಡಾ. ದೋಣಿ ಇಳಿಸುವ ಇಳಿಜಾರಿನ ಪಕ್ಕದಲ್ಲಿ, ಕಡಲ ದಂಡೆಯ ಮೇಲೆ ಅವನದೊಂದು ತಗಡಿನ ಶೆಡ್ಡು. ಹೆಸರಿಗೆ ದೋಣಿ ಶೆಡ್ಡು, ದೋಣಿ ಮಾತ್ರ ಸದಾ ಹೊರಗೆ ಬಿಸಿಲಲ್ಲಿ. ಒಳಗೆ ಒಂದು ಹಳೆಯ ಫ್ರಿಜ್ಜು, ಸ್ಪ್ರಿಂಗು ಎದ್ದ ಸೋಫಾ, ಏಡಿ ಬೇಯಿಸುವ ದೊಡ್ಡ ಪಾತ್ರೆ, ಮತ್ತು ಮಧ್ಯಾಹ್ನ ಕಳೆದರೆ ಕ್ಲೆಮ್‌ನ ಇಬ್ಬರು ಗೆಳೆಯರು. ದಂಡೆ ಸರ್ಕಾರದ್ದು, ಹಾಗಾಗಿ ಶೆಡ್ಡಿಗೆ ಪರವಾನಗಿ ಬೇಕು. ಅವನು ಅರ್ಜಿಯನ್ನೇನೋ ಹಾಕಿದ್ದ. ವರ್ಷಗಳು ಉರುಳಿದರೂ ಉತ್ತರ ಬಂದಿರಲಿಲ್ಲ.

ಪೆನ್ಷನ್ ಬಂದ ದಿನ ಬ್ಯಾಂಕಿಗೆ ಹೋಗಿ, ಬೇಕರಿಯಲ್ಲಿ ಮಾಂಸ ತುಂಬಿದ ಪ್ಯಾಸ್ಟಿ ಕೊಂಡು, ಅದನ್ನು ಕೈಯಲ್ಲಿ ಹಿಡಿದೇ ನಮ್ಮ ಕೌನ್ಸಿಲ್ ಕಚೇರಿಗೆ ಬರುತ್ತಿದ್ದ. ಮುಂದಿನ ಕೌಂಟರಿನಲ್ಲಿ ಕೂರುವವಳು ನಾನು, ಹೆಸರು ರೋ.

“ಏನ್ ತಾಯಿ, ನನ್ನ ಫೈಲು ಸಿಕ್ತಾ? ಇಲ್ಲಾ ನಾನ್ ಸತ್ತ ಮೇಲೆ ಸಿಗತ್ತಾ?”

ನಾನು ಹಿಂದೆ ತಿರುಗಿ ಡಲ್ಸಿ ಹೋಕಿಂಗ್ ಕಡೆ ನೋಡುತ್ತಿದ್ದೆ. ಕಚೇರಿಯ ಕಡತಗಳೆಲ್ಲ ಅವಳ ವಶ. ಅವಳ ಕಂಪ್ಯೂಟರಿನ ಪರದೆಯ ಮೇಲೆ ಅವಳ ನಾಯಿಯ ಫೋಟೋ ಇತ್ತಂತೆ. ಅದರ ಮೇಲೆಲ್ಲ ಫೈಲುಗಳು ನೊಣದ ಹಾಗೆ ಮುತ್ತಿಕೊಂಡು, ಕಿವಿಯ ತುದಿಯೊಂದು ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಡಲ್ಸಿ ಕನ್ನಡಕದ ಮೇಲಿಂದ ನೋಡಿ, “ಹುಡುಕ್ತಾ ಇದ್ದೀವಿ ಕ್ಲೆಮ್” ಅನ್ನುತ್ತಿದ್ದಳು. ಅವನು ಬಯ್ದುಕೊಂಡು ಹೋಗುತ್ತಿದ್ದ.

“ನಿಜವಾಗ್ಲೂ ಸಿಕ್ತಿಲ್ವಾ?” ಅಂತ ಒಮ್ಮೆ ಡಲ್ಸಿಯನ್ನು ಕೇಳಿದೆ.

“ಸಿಗದೆ ಏನು. ‘ಆಗೋದಿಲ್ಲ, ಶೆಡ್ ಕಿತ್ತು ಹಾಕಿ’ ಅಂತ ಹಿಂದಿನ ಮುಖ್ಯಾಧಿಕಾರಿ ಸಹಿ ಹಾಕಿ, ವರ್ಗಾವಣೆ ತಗೊಂಡು ಹೋದ. ಅದನ್ನ ನಾನು ಕಳಿಸಿದ್ರೆ ಕ್ಲೆಮ್ ಬಂದು ಕೂಗಾಡೋದು ಯಾರ ಮುಂದೆ? ನನ್ನ ಮುಂದೆ. ನಂಗೆ ಬೇಕಾ ಅದು?”

ಅವಳಿಗೆ ಕ್ಲೆಮ್ ಮೇಲೆ ಕನಿಕರವೇನೂ ಇರಲಿಲ್ಲ. ಗಲಾಟೆ ಆಗುತ್ತಿರಲಿಲ್ಲ, ಅಷ್ಟೇ. ಅವಳ ಆ ಕಿಕ್ಕಿರಿದ ಪರದೆಯ ದಯೆಯಿಂದ ಊರಿನ ಅರ್ಧ ಬೇಲಿಗಳು, ಬೋರ್ಡುಗಳು, ಕಾರು ನಿಲ್ಲಿಸುವ ಚಪ್ಪರಗಳು ನೆಮ್ಮದಿಯಾಗಿ ನಿಂತಿದ್ದವು.

ಕ್ಲೆಮ್ ವಾರಪತ್ರಿಕೆಗೆ ಬರೆದ. ಮತ್ತೆ ಬರೆದ. ಚುನಾವಣೆ ಹತ್ತಿರವಿತ್ತು. ಕೌನ್ಸಿಲ್ಲನ್ನು ಹೊಸ ಕಾಲಕ್ಕೆ ತರುತ್ತೇನೆ ಅಂದ ಹೆಂಗಸು ಗೆದ್ದು ಮೇಯರ್ ಆದಳು. ಡಲ್ಸಿಗೆ ಒಂದು ಗೋಡೆ ಗಡಿಯಾರ ಕೊಟ್ಟು, ಒಳ್ಳೆಯ ಮಾತಾಡಿ ಮನೆಗೆ ಕಳಿಸಿದರು. ಅವಳ ಜಾಗಕ್ಕೆ ಅಡಿಲೇಡ್‌ನಿಂದ ಲಿಂಡ್ಸೆ ಟ್ರೆನರಿ ಬಂದ.

ಲಿಂಡ್ಸೆ ಒಳ್ಳೆಯವನು. ಮೂವತ್ತೈದು ದಾಟಿದ್ದ, ಒಂಟಿ, ಊಟದ ಡಬ್ಬಿಯಲ್ಲೂ ಕ್ಯಾರೆಟ್ಟನ್ನು ಒಂದೇ ಅಳತೆಗೆ ಕತ್ತರಿಸಿ ತರುತ್ತಿದ್ದ. ಅವನು ಕಟ್ಟಿದ ಪ್ರೋಗ್ರಾಂ ಪ್ರತಿ ಫೈಲನ್ನೂ ತಾನೇ ಓದಿ, ಅದು ಏನೆಂದು ತಿಳಿದು, ಹೆಸರಿಟ್ಟು, ಅದರದರ ಫೋಲ್ಡರಿಗೆ ಹಾಕುತ್ತಿತ್ತು. ಸಹಿಯಾದ ತೀರ್ಮಾನವಿದ್ದು ಉತ್ತರ ಹೋಗಿಲ್ಲದಿದ್ದರೆ ಉತ್ತರವನ್ನೂ ತಾನೇ ಬರೆದು ಕಳಿಸುತ್ತಿತ್ತು. ಡಲ್ಸಿಯ ನಾಯಿ ಒಂದೇ ಬೆಳಗ್ಗೆಯಲ್ಲಿ ಪೂರ್ತಿ ಹೊರಬಂತು. ಕಂದು ಬಣ್ಣದ ಮುದ್ದಾದ ನಾಯಿ.

ಉದ್ಘಾಟನೆಗೆ ಮೇಯರ್ ಕ್ಲೆಮ್‌ನನ್ನೇ ಮುಖ್ಯ ಅತಿಥಿಯಾಗಿ ಕರೆಸಿದಳು. ಸಭಾಂಗಣದಲ್ಲಿ ಸ್ಕೋನ್ ಎಂಬ ಪುಟ್ಟ ಬನ್ನು, ಜಾಮು, ಕ್ರೀಮು. ಕ್ಲೆಮ್ ಇಸ್ತ್ರಿ ಮಾಡಿದ ಶರ್ಟು ಹಾಕಿದ್ದ. “ಈ ಮನುಷ್ಯ ಇಷ್ಟು ವರ್ಷ ಕಾದಿದ್ದಾರೆ. ಇವತ್ತು ನೋಡಿ” ಅಂದಳು ಮೇಯರ್. ಲಿಂಡ್ಸೆ ಕಂಪ್ಯೂಟರಿನಲ್ಲಿ ಕ್ಲೆಮ್‌ನ ಹೆಸರು ಒತ್ತಿದ. ಕಣ್ಣು ಮಿಟುಕಿಸುವುದರೊಳಗೆ ಫೈಲು ಗೋಡೆಯ ಮೇಲೆ ದೊಡ್ಡದಾಗಿ ಮೂಡಿತು. ಅದರ ಮೇಲೆ ಅಡ್ಡಡ್ಡ ‘ತಿರಸ್ಕರಿಸಲಾಗಿದೆ’ ಎಂದಿತ್ತು. ಹಿಂದಿನ ಸಾಲಿನವರಿಗೆ ಅಕ್ಷರ ಕಾಣಲಿಲ್ಲ. ಇಷ್ಟು ಬೇಗ ಬಂತಲ್ಲ ಎಂದು ಜೋರಾಗಿ ಚಪ್ಪಾಳೆ ತಟ್ಟಿದರು. ಕ್ಲೆಮ್ ಕೂಡ ತಟ್ಟಿದ. ಅವನ ಕನ್ನಡಕ ಶೆಡ್ಡಿನಲ್ಲೇ ಉಳಿದಿತ್ತು.

ಆ ವಾರವೇ ಪತ್ರ ಅವನ ಮನೆ ಸೇರಿತು. ಬೇಸಿಗೆ ಮುಗಿಯುವುದರೊಳಗೆ ಶೆಡ್ಡು ತೆಗೆಯಬೇಕು. ಮಾರನೆಯ ದಿನವೇ, ಪ್ಯಾಸ್ಟಿ ಇಲ್ಲದೆ, ಕೌಂಟರಿಗೆ ಬಂದ.

“ಆ ಹುಡುಗನ್ನ ಕರಿ ತಾಯಿ.”

ಲಿಂಡ್ಸೆ ಬಂದು ನಿಂತ. ಕ್ಲೆಮ್ ಪತ್ರವನ್ನು ಮೇಜಿನ ಮೇಲಿಟ್ಟು ಅಂಗೈಯಿಂದ ಸಪಾಟು ಮಾಡಿದ.

“ಏನಪ್ಪಾ ಇದು?”

“ನೀವು ಕೇಳಿದ್ದ ಉತ್ತರ, ಮಿಸ್ಟರ್ ರೊಡ್ಡಾ.”

“ನಾನು ಕೇಳ್ತಿದ್ದೆ, ನಿಜ. ಕೊಡು ಅಂತ ಯಾರಪ್ಪಾ ಹೇಳಿದ್ದು ನಿಂಗೆ?”

ಲಿಂಡ್ಸೆಗೆ ಅರ್ಥವಾಗಲಿಲ್ಲ. ಅರ್ಥವಾಗಲು ಅವನಿಗೆ ಬಿಡುವೂ ಸಿಗಲಿಲ್ಲ, ಏಕೆಂದರೆ ಕ್ಲೆಮ್ ಹಿಂದೆಯೇ ಸಾಲು ನಿಂತಿತ್ತು. ಬೇಕರಿಯವಳ ಬೋರ್ಡು ಮಿತಿಗಿಂತ ದೊಡ್ಡದು. ಫುಟ್‌ಬಾಲ್ ಕ್ಲಬ್ಬಿನ ವರಾಂಡಕ್ಕೆ ಅನುಮತಿಯೇ ಇಲ್ಲ. ಎಷ್ಟೋ ವರ್ಷದಿಂದ “ನೋಡ್ತೀವಿ” ಎಂಬ ಮಾತಿನ ಮೇಲೆ ಬದುಕಿದ್ದವರಿಗೆಲ್ಲ ಒಂದೇ ವಾರದಲ್ಲಿ ಸ್ಪಷ್ಟವಾದ, ಸಭ್ಯವಾದ ‘ಇಲ್ಲ’ ಹೋಗಿತ್ತು. ಮೇಯರಳ ಮನೆಗೂ ಒಂದು ಹೋಯಿತು. ಅವಳ ಗಂಡ ಕಟ್ಟಿಸಿದ ಕಾರಿನ ಚಪ್ಪರ ಪಕ್ಕದವರ ಜಾಗಕ್ಕೆ ಕಾಲು ಚಾಚಿತ್ತು. ಅವಳು ಲಿಂಡ್ಸೆಯನ್ನು ಒಳಗೆ ಕರೆದಳು. ಬಾಗಿಲು ಸರಿಯಾಗಿ ಹಾಕಿರಲಿಲ್ಲ.

“ಪ್ರೋಗ್ರಾಂಗೆ ಯಾರು ಯಾರು ಅಂತ ಗೊತ್ತಾಗಲ್ಲ ಮೇಡಂ. ಎಲ್ಲರೂ ಒಂದೇ” ಅಂದ ಅವನು.

“ಅದೇ ನೋಡು ತೊಂದರೆ” ಅಂದಳು ಅವಳು.

ಆ ವಾರ ಲಿಂಡ್ಸೆಯ ಡಬ್ಬಿಯ ಕ್ಯಾರೆಟ್ಟು ಹಾಗೇ ಮನೆಗೆ ವಾಪಸು ಹೋಯಿತು. ಬೇಕರಿಯಲ್ಲಿ ಅವನಿಗೆ ನಿನ್ನೆಯ ಬ್ರೆಡ್ಡು ಕೊಡುತ್ತಿದ್ದರು. “ನಾನು ಮಾಡಿದ್ದರಲ್ಲಿ ಏನು ತಪ್ಪಿದೆ ಹೇಳು ರೋ” ಅಂತ ನನ್ನನ್ನು ಕೇಳಿದ. ಒಂದೂ ತಪ್ಪಿರಲಿಲ್ಲ. ಹಾಗೇ ಹೇಳಿದೆ. ಅವನ ಮುಖ ಇನ್ನಷ್ಟು ಇಳಿಯಿತು.

ಹೇಗಾದರೂ ಸಹಾಯ ಮಾಡಬೇಕೆಂದು ಅವನೇ ಕ್ಲೆಮ್‌ಗೆ ಫೋನು ಮಾಡಿ ಕರೆಸಿದ. ಹೊಸ ಅರ್ಜಿ ಹಾಕಬಹುದು, ಅದು ಬಾಕಿ ಇರುವ ತನಕ ಶೆಡ್ಡನ್ನು ಯಾರೂ ಮುಟ್ಟುವಂತಿಲ್ಲ ಎಂದು ವಿವರಿಸಿದ.

“ಎಷ್ಟು ದಿನ ಬಾಕಿ ಇರತ್ತೆ?” ಕ್ಲೆಮ್ ಕೇಳಿದ.

“ದಿನ ಯಾಕೆ, ಪ್ರೋಗ್ರಾಂ ಕ್ಷಣದಲ್ಲಿ ಓದಿ ಮುಗಿಸತ್ತೆ. ನಿಯಮ ಬದಲಾಗಿಲ್ಲ, ಹಾಗಾಗಿ ಉತ್ತರ... ಬಹುಶಃ ಅದೇ ಬರತ್ತೆ.” ಲಿಂಡ್ಸೆಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. “ಅದಕ್ಕೆ ಓದೋಕೆ ಆಗದೇ ಇದ್ರೆ ಮಾತ್ರ ‘ಇತರೆ’ ಅನ್ನೋ ಫೋಲ್ಡರಿಗೆ ಹೋಗತ್ತೆ. ಅದನ್ನ ಮನುಷ್ಯರೇ ನೋಡಬೇಕು. ಅಂದ್ರೆ ನಾನು.”

“ಓದೋಕೆ ಆಗದೇ ಇದ್ರೆ” ಅಂದ ಕ್ಲೆಮ್, ನಿಧಾನವಾಗಿ.

“ಹೌದು. ಆದರೆ ಹಾಗಾಗೋದು ಅಪರೂಪ.”

ಮುಂದಿನ ವಾರ ಕ್ಲೆಮ್‌ನ ಹೊಸ ಅರ್ಜಿ ಬಂತು. ಉಬ್ಬರ ಇಳಿತದ ವೇಳಾಪಟ್ಟಿಯ ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆದು, ತಲೆಕೆಳಗಾಗಿ ಫೋಟೋ ತೆಗೆದದ್ದು. ಜೊತೆಗೆ ಏಡಿಗಳ ಚಿತ್ರಗಳು, ಅವನ ಅಕ್ಕನ ಮದುವೆಯದೊಂದು, ಮತ್ತೆ ಗಾಳಿಯ ಸದ್ದು ಬಿಟ್ಟು ಬೇರೇನೂ ಕೇಳದ ಒಂದು ಧ್ವನಿಮುದ್ರಣ. ಫೈಲಿಗೆ ಅವನಿಟ್ಟ ಹೆಸರು ‘ಮಂಗಳವಾರ’. ಪ್ರೋಗ್ರಾಂ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ವಿನಯದಿಂದ ‘ಇತರೆ’ಗೆ ಹಾಕಿತು.

ಪಬ್ಬಿನಲ್ಲಿ ಆ ಸುದ್ದಿ ಹರಡಲು ಒಂದು ಸಂಜೆ ಸಾಕಾಯಿತು. ಬೇಕರಿಯವಳು ತನ್ನ ಅರ್ಜಿಯನ್ನು ಹಿಟ್ಟಿನ ಚೀಲದ ಮೇಲೆ ಬರೆದು ಕಳಿಸಿದಳು. ಫುಟ್‌ಬಾಲ್ ಕ್ಲಬ್ಬು ತಂಡದ ಹಾಡಿನ ನಡುವೆ ವರಾಂಡದ ಅಳತೆ ಸೇರಿಸಿ, ಎಲ್ಲರೂ ಕೂಡಿ ಹಾಡಿ ಕಳಿಸಿತು. ಮೇಯರಳ ಗಂಡ ಏನು ಕಳಿಸಿದನೋ ನನಗೆ ಗೊತ್ತಿಲ್ಲ, ಅದನ್ನು ನಾವು ಇನ್ನೂ ತೆರೆದಿಲ್ಲ. ಚಳಿಗಾಲ ಬರುವ ಹೊತ್ತಿಗೆ ಊರಿಗೆ ಊರೇ ‘ಇತರೆ’ಯೊಳಗಿತ್ತು. ಉಳಿದ ಫೋಲ್ಡರುಗಳು ತೊಳೆದ ತಟ್ಟೆಗಳ ಹಾಗೆ ಹೊಳೆಯುತ್ತಿದ್ದವು. ಎಲ್ಲವೂ ಅಚ್ಚುಕಟ್ಟಾಗಿದೆ, ಬಾಕಿ ಏನೂ ಇಲ್ಲ ಎಂದು ಪ್ರೋಗ್ರಾಂ ಪ್ರತಿ ಸೋಮವಾರ ವರದಿ ಕೊಡುತ್ತಿತ್ತು. ಅದರ ಲೆಕ್ಕದಲ್ಲಿ ‘ಇತರೆ’ ಸೇರುತ್ತಿರಲಿಲ್ಲ.

ಆ ವರದಿಗಳನ್ನು ನೋಡಿ ರಾಜ್ಯದ ಕೌನ್ಸಿಲ್‌ಗಳ ಕೂಟದವರು ನಮಗೆ ಪ್ರಶಸ್ತಿ ಕೊಟ್ಟರು. ಲಿಂಡ್ಸೆಯನ್ನು ಅಡಿಲೇಡ್‌ಗೆ ಕರೆಸಿ ವೇದಿಕೆ ಹತ್ತಿಸಿದರು. ಅವನು ಅಲ್ಲೂ ನಿಜವನ್ನೇ ಹೇಳಿದ. ನಮ್ಮಲ್ಲಿ ಹೆಚ್ಚುಕಡಿಮೆ ಎಲ್ಲ ಕಾಗದವೂ ‘ಇತರೆ’ಯಲ್ಲಿದೆ, ಅದನ್ನು ನಾನೊಬ್ಬನೇ ಕೈಯಾರೆ ನೋಡುತ್ತಿದ್ದೇನೆ ಎಂದ. ಊಟದ ಹೊತ್ತಿಗೆ ಬೇರೆ ಬೇರೆ ಊರಿನ ಮುಖ್ಯಾಧಿಕಾರಿಗಳು ಒಬ್ಬೊಬ್ಬರೇ ಅವನ ಪಕ್ಕ ಬಂದು ಕೂತು, ಆ ‘ಇತರೆ’ಯೊಂದನ್ನು ತಮ್ಮಲ್ಲೂ ಹಾಕಿಸಿಕೊಡಲು ಸಾಧ್ಯವೇ ಎಂದು ಮೆಲ್ಲಗೆ ಕೇಳಿದರಂತೆ.

ವಾಪಸು ಬಂದ ಮೇಲೆ ಲಿಂಡ್ಸೆ ಕುರ್ಚಿಯಲ್ಲಿ ಕೂರುವುದು ಕಡಿಮೆಯಾಯಿತು. ಪರದೆ ನೋಡಿ ತಿಳಿಯಲಾಗದ್ದನ್ನು ಜಾಗಕ್ಕೇ ಹೋಗಿ ನೋಡಬೇಕಲ್ಲ. ಅಳತೆ ಪಟ್ಟಿ ಹಿಡಿದು ಒಂದು ಶುಕ್ರವಾರ ಕ್ಲೆಮ್‌ನ ಶೆಡ್ಡಿಗೆ ಹೋದ. ದಾರಿ ತೋರಿಸಲು ನಾನೂ ಹೋಗಿದ್ದೆ. ಅಷ್ಟು ತಿಂಗಳಲ್ಲಿ ಆ ಶೆಡ್ಡನ್ನು ಅವನು ಕಣ್ಣಾರೆ ನೋಡಿದ್ದು ಅದೇ ಮೊದಲು.

“ಇಷ್ಟೇನಾ?” ಅಂದ.

“ನೀನೇನು ಅರಮನೆ ಅಂದ್ಕೊಂಡಿದ್ಯಾ? ಕೂತ್ಕೋ, ಸ್ಪ್ರಿಂಗು ನೋಡ್ಕೊಂಡು” ಅಂದ ಕ್ಲೆಮ್.

ಗೆಳೆಯರಿಬ್ಬರೂ ಸರಿದು ಜಾಗ ಕೊಟ್ಟರು. ಕುದಿಯುವ ಪಾತ್ರೆಯಿಂದ ನೀಲಿ ಏಡಿಗಳು ಕೆಂಪಾಗಿ ಹೊರಬಂದವು. ಲಿಂಡ್ಸೆಗೆ ಏಡಿ ಒಡೆಯಲು ಬರುತ್ತಿರಲಿಲ್ಲ. ಕ್ಲೆಮ್ ಒಂದು ಕೊಂಡಿ ಮುರಿದು ತೋರಿಸಿದ. ತಿನ್ನುತ್ತಾ ಲಿಂಡ್ಸೆ ಕೇಳಿದ, “ಒಂದು ಮಾತು ಕೇಳ್ಲಾ? ಉತ್ತರ ‘ಇಲ್ಲ’ ಅಂತಾನೇ ಇರತ್ತೆ ಅಂತ ನಿಮಗೆ ಅನುಮಾನ ಇರ್ಲಿಲ್ವಾ?”

“ಅನುಮಾನ ಏನು ಬಂತು, ಗೊತ್ತೇ ಇತ್ತು.”

“ಮತ್ತೆ ಅಷ್ಟು ವರ್ಷ ಯಾಕೆ ಬಂದು ಬಂದು ಕೇಳಿದ್ರಿ?”

“ಕೇಳೋದು ನಿಲ್ಸಿದ್ರೆ, ನಂಗೆ ಗೊತ್ತಿದೆ ಅಂತ ನಿಮಗೆ ಗೊತ್ತಾಗಿಬಿಡ್ತಿರ್ಲಿಲ್ವಾ? ಆಮೇಲೆ ಶೆಡ್ಡು ಉಳೀತಿತ್ತಾ?”

ಲಿಂಡ್ಸೆ ಕೈಲಿದ್ದ ಚಿಪ್ಪನ್ನು ಪಕ್ಕಕ್ಕಿಟ್ಟ. ಆಮೇಲೆ ಇನ್ನೊಂದು ಏಡಿ ತೆಗೆದುಕೊಂಡ.

ವಸಂತದಲ್ಲಿ ಕೌನ್ಸಿಲ್ ಸಭೆ ಸೇರಿ, ದಂಡೆಯ ಮೇಲಿನ ಎಲ್ಲ ಅರ್ಜಿಗಳನ್ನೂ ಕಡಲ ಕೊರೆತದ ಅಧ್ಯಯನ ಮುಗಿಯುವವರೆಗೆ ಮುಂದೂಡಿತು. ಆ ಅಧ್ಯಯನ ಯಾವಾಗ ಶುರು ಎಂದು ಯಾರೂ ಕೇಳಲಿಲ್ಲ. ಮೇಯರಂತೂ ಕೇಳುವವಳಲ್ಲ, ಅವಳ ಮನೆಯ ಚಪ್ಪರವೂ ‘ಇತರೆ’ಯಲ್ಲೇ ಇತ್ತಲ್ಲ. ಲಿಂಡ್ಸೆ ಈಗಲೂ ಪ್ರತಿ ಶುಕ್ರವಾರ ಮಧ್ಯಾಹ್ನ ‘ಸ್ಥಳ ಪರಿಶೀಲನೆ’ ಎಂದು ಬರೆದಿಟ್ಟು ಹೋಗುತ್ತಾನೆ. ಅಳತೆ ಪಟ್ಟಿ ಮಾತ್ರ ಮೇಜಿನ ಮೇಲೇ ಇರುತ್ತದೆ. ಹೋದ ವಾರ ನಾನದನ್ನು ನೆನಪಿಸಿದಾಗ, “ಅಲ್ಲಿ ಕ್ಲೆಮ್ ಹತ್ರ ಇನ್ನೊಂದಿದೆ ರೋ” ಎಂದು, ಏಡಿ ಹಿಡಿಯುವ ಬಲೆ ಹೆಗಲಿಗೇರಿಸಿಕೊಂಡು ನಡೆದ.