ಐದನೆಯ ಗುಂಡು

ಶಂಕ್ರಪ್ಪಗೌಡರು ಚಕ್ಕಡಿ ಇಳಿದು ಬಂದವರೇ ಕಂಬಳಿಯಲ್ಲಿ ಸುತ್ತಿದ ಬಂದೂಕನ್ನು ಲಾಡಸಾಬನ ಮುಂದಿಟ್ಟರು. ಕೂಡ್ರಿ ಅಂದರೂ ಕೂಡಲಿಲ್ಲ.

“ಇದು ಸುಳ್ಳು ಹೊಡೀತೈತಿ, ಲಾಡಸಾಬ. ಇದರ ಸುಳ್ಳಿಗೆ ಮೂರು ಹೆಣ ಬಿದ್ದಾವ.”

ಬಾದಾಮಿಯ ಕೋಟೆ ಓಣಿಯಲ್ಲಿ ಲಾಡಸಾಬನದು ಅಜ್ಜನ ಕಾಲದ ಕುಲುಮೆ. ಅಜ್ಜ ಬತ್ತಿ ಬಂದೂಕು ಮಾಡಿದವನು. ಸರ್ಕಾರ ಹತಾರಿನ ಕಾಯ್ದೆ ತಂದ ಮೇಲೆ ಅಪ್ಪ ಕೀಲಿ-ಕೊಂಡಿಗೆ ಇಳಿದ. ಲಾಡಸಾಬನ ಕಾಲಕ್ಕೆ, ಸಾವಿರದ ಒಂಬೈನೂರ ಎಂಟರ ಹೊತ್ತಿಗೆ, ಕೀಲಿ, ತಕ್ಕಡಿ, ಮಗ್ಗದ ಕಬ್ಬಿಣ ಬಿಟ್ಟರೆ ಲೈಸೆನ್ಸು ಇದ್ದವರ ಬಂದೂಕು ವರ್ಷಕ್ಕೆ ಒಂದೋ ಎರಡೋ ಬರುತ್ತಿದ್ದವು. ಆದರೂ ಬಂದೂಕಿನ ಕೈ ಅಂದರೆ ಸುತ್ತಲ ಹತ್ತು ಹಳ್ಳಿಗೆ ಅವನದೇ. ಅದು ಅವನಿಗೂ ಗೊತ್ತಿತ್ತು. ಸ್ವಲ್ಪ ಹೆಚ್ಚೇ ಗೊತ್ತಿತ್ತು.

ಗೌಡರು ಗುಡ್ಡದಾಚೆಯ ಹಳ್ಳಿಯ ಪೊಲೀಸ್ ಪಾಟೀಲರು. ಲಿಂಗ ಕಟ್ಟಿದ ಮನೆತನ. ಹುಟ್ಟಿದಾಗಿನಿಂದ ಕೋಳಿ ಕುತ್ತಿಗೆಗೂ ಕೈಹಚ್ಚಿದವರಲ್ಲ. ಚಿರತೆಯೊಂದು ಊರಿನ ನಾಯಿ, ಆಡು ಹೊರಲು ಶುರು ಮಾಡಿದಾಗ ಮಾಮಲೇದಾರರು ಲೈಸೆನ್ಸು ಬರೆದುಕೊಟ್ಟು, “ಪಾಟೀಲರ ಕೆಲಸ ಪಾಟೀಲರ ಮಾಡಬೇಕು” ಅಂದಿದ್ದರು. ಬೆಳಗಾವಿಯ ಒಬ್ಬ ವ್ಯಾಪಾರಿಯ ಹತ್ತಿರ ಈ ಮಾರ್ಟಿನಿ ಬಂದೂಕು ಸಿಕ್ಕಿತು. ಒಂದೇ ಗುಂಡಿನದು, ಕೆಳಗಿನ ಹಿಡಿಕೆ ಎಳೆದು ತುಂಬುವಂಥದು. ವಿಲಾಯತಿಗೆ ಹೊರಟ ಸಾಹೇಬನೊಬ್ಬ ಬಿಟ್ಟುಹೋದದ್ದು, ಹತ್ತು ಗುಂಡು ಸಹ ಹಾರಿಸಿಲ್ಲ ಎಂದು ವ್ಯಾಪಾರಿ ಆಣೆ ಮಾಡಿ ಹೇಳಿದ್ದ.

“ನಲವತ್ತು ಹೆಜ್ಜಿ ಮ್ಯಾಲ ನಿಂತಿತ್ತು,” ಅಂದರು ಗೌಡರು. “ಎದಿಗೆ ಗುರಿ ಹಿಡಿದಿದ್ದೆ. ದವಡಿಗೆ ಬಿತ್ತು. ಮುರುಕ ದವಡಿ ಇಟಗೊಂಡು ಅದು ಇನ್ನೇನು ಬ್ಯಾಟಿ ಆಡ್ತೈತಿ? ಕಟಗಿ ಆರಸಾಕ ಹೋದಾಕಿನ್ನ ಹಿಡೀತು. ಆಮ್ಯಾಲ ಒಬ್ಬ ಮುದುಕ. ಮೊನ್ನಿ ಕುರುಬರ ಲಕ್ಷ್ಮಪ್ಪ.” ಬಂದೂಕಿನ ಕಡೆ ನೋಡುತ್ತ, “ನಾ ಸುಮ್ಕ ಕುಂತಿದ್ರ ಅದು ನಾಯಿ ತಿಂದಕೊಂಡು ಇರತಿತ್ತು,” ಅಂದರು.

ಲಾಡಸಾಬ ಬಂದೂಕು ಎತ್ತಿ ನಳಿಗೆಯನ್ನು ಬೆಳಕಿಗೆ ಹಿಡಿದು ಕಣ್ಣಿಟ್ಟ. ಒಳಗೆ ಸುರುಳಿಗೆರೆಗಳು ಕಾಣಬೇಕಾದ ಕಡೆ ಮಂಕು ಬೂದಿಬಣ್ಣ.

“ಹತ್ತು ಗುಂಡಲ್ರಿ ಗೌಡ್ರ, ಇದು ಸಾವಿರ ಗುಂಡು ಉಗುಳೇತಿ. ಸೀಸ ಕಟಗೊಂಡೈತಿ ನೋಡ್ರಿ.”

ಮರುದಿನ ಮುಂಜಾನೆ ಇಬ್ಬರೂ ಊರಾಚೆಯ ಮಣ್ಣಿನ ದಿಬ್ಬಕ್ಕೆ ಹೋದರು. ಗೋಣಿಚೀಲಕ್ಕೆ ಸುಣ್ಣದಲ್ಲಿ ಅಂಗೈಯಗಲ ಬೊಟ್ಟಿಟ್ಟು ದಿಬ್ಬಕ್ಕೆ ಬಡಿದು, ಅರವತ್ತು ಹೆಜ್ಜೆ ಎಣಿಸಿ, ಉಸುಕಿನ ಚೀಲದ ಮೇಲೆ ಬಂದೂಕು ಮಲಗಿಸಿ ಲಾಡಸಾಬ ತಾನೇ ಹೊಡೆದ. ಮೂರು ಗುಂಡು ಮೂರು ದಿಕ್ಕಿಗೆ ಹೋದವು. ಒಂದಂತೂ ಚೀಲಕ್ಕೇ ತಾಗಲಿಲ್ಲ.

ಅಲ್ಲಿಂದ ಎರಡು ದಿನ ಅವನು ಬೇರೆ ಕೆಲಸ ಮುಟ್ಟಲಿಲ್ಲ. ಹಿತ್ತಾಳೆ ತಂತಿ ಸುತ್ತಿದ ಸಲಾಕೆಯಿಂದ ನಳಿಗೆಯ ಸೀಸ ಕೆರೆದು ತೆಗೆದ. ತುದಿಯ ಗುರಿಮಣಿ ಯಾವುದೋ ಕಾಲದಲ್ಲಿ ಏಟು ತಿಂದು ಓರೆಯಾಗಿತ್ತು. ಅದನ್ನು ಹಿತ್ತಾಳೆ ಮೊಳೆಯಿಟ್ಟು ಕೂದಲೆಳೆಯಷ್ಟು ಕೂದಲೆಳೆಯಷ್ಟು ಸರಿಸಿ ಕೂಡಿಸಿದ. ಸಡಿಲಾಗಿದ್ದ ತಿರುಪು ಬಿಗಿದ. ಮತ್ತೆ ದಿಬ್ಬ, ಮತ್ತೆ ಚೀಲ. ಈಗ ಎರಡು ಗುಂಡು ಬೊಟ್ಟಿನೊಳಗೆ, ಮೂರನೆಯದರಿಂದ ಬಲಕ್ಕೆ. ಎಡಗೈ ಹಿಡಿಯುವ ಮುಂದಿನ ಕಟ್ಟಿಗೆಯನ್ನು ಬಿಚ್ಚಿದಾಗ ಅದು ನಳಿಗೆಗೆ ಒಂದೇ ಕಡೆ ಒತ್ತುತ್ತಿರುವುದು ಕಂಡಿತು. ಕಟ್ಟಿಗೆಯನ್ನು ಕೆತ್ತಿದ, ನಳಿಗೆಯ ಹೊರಮೈಯ ಉಬ್ಬನ್ನೂ ಅರದಿಂದ ತುಸು ಉಜ್ಜಿದ, ಅರಿವೆಯಿಂದ ಒರೆಸಿ ಕೂಡಿಸಿದ.

ಮೂರನೆಯ ದಿನ ಗೌಡರ ಎದುರಿಗೇ ಹೊಡೆದ. ಒಂದು, ಎರಡು, ಮೂರು, ನಾಲ್ಕು: ನಾಲ್ಕೂ ಬೊಟ್ಟಿನೊಳಗೆ, ಒಂದರ ಮಗ್ಗುಲಿಗೆ ಒಂದು. ಗೌಡರ ಮುಖದಲ್ಲಿ ಎಷ್ಟೋ ದಿನದ ಮೇಲೆ ರಕ್ತ ಬಂತು. ಐದನೆಯದು ಒಂದು ಗೇಣು ಬಲಕ್ಕೆ ಹೋಗಿ ಬಿತ್ತು.

“ಅದ್ಯಾಕ ಹಂಗ?”

ಯಾಕೆಂದು ಲಾಡಸಾಬನಿಗೆ ಗೊತ್ತಿರಲಿಲ್ಲ. ಕಟ್ಟಿಗೆ ಈಗ ಎಲ್ಲೂ ಒತ್ತುತ್ತಿರಲಿಲ್ಲ. ಗುರಿಮಣಿ ನೆಟ್ಟಗಿತ್ತು. ನಳಿಗೆ ಮುಟ್ಟಿದ, ಸುಡುತ್ತಿತ್ತು. ಗೊತ್ತಿಲ್ಲ ಅನ್ನಬೇಕಾಗಿತ್ತು. ಆದರೆ ಹತ್ತು ಹಳ್ಳಿಯಲ್ಲಿ ಹೆಸರಿರುವ ಕೈ ಅದು, ನಾಲಗೆ ಹೊರಳಲಿಲ್ಲ.

“ಕಾಸಿದ ಕಬ್ಬಿಣ ಹಂಗರಿ. ಬಿಸಿ ಆದ್ರ ಹೊಳ್ಳತೈತಿ.”

“ನನಗ ಒಂದ ಗುಂಡು ಸಾಕಪಾ,” ಅಂದರು ಗೌಡರು. ಚಿರತೆಗೆ ಆಸೆ ತೋರಿಸಲು ಕಟ್ಟುವ ಆಡು ತಯಾರಿತ್ತು. ಅವತ್ತಿನ ಸಂಜೆಯೇ ಹಳ್ಳದ ಬಾಯಲ್ಲಿರುವ ಹುಣಸೆಮರದ ಅಟ್ಟದ ಮೇಲೆ ಕೂಡುವುದೆಂದು ಹೇಳಿ, ಚಕ್ಕಡಿ ಹತ್ತಿ ಹೋದರು.

ಲಾಡಸಾಬ ಮನೆಗೆ ಬಂದು ಮಧ್ಯಾಹ್ನದ ಊಟಕ್ಕೆ ಕೂತ. ಹೆಂಡತಿ ಜೋಹರಾ ಕುಲುಮೆಯ ಮೂಲೆ ಕಸ ಹೊಡೆಯುತ್ತ, ಎಣ್ಣೆ ಹತ್ತಿದ ಅರಿವೆಯೊಂದನ್ನು ಝಾಡಿಸಿದಳು. ಬೆಳ್ಳಗಿನ ಸಣ್ಣ ಸಿಬರುಗಳು ನೆಲಕ್ಕೆ ಬಿದ್ದವು. ಜೋಹರಾ ಕಲಾಯಿಗಾರರ ಮಗಳು. ತವರು ಮನೆಯಲ್ಲಿ ತಾಮ್ರದ ಹಂಡೆಗೆ ತವರ ಬಳಿಯುವುದನ್ನು ನೋಡುತ್ತಲೇ ದೊಡ್ಡವಳಾದವಳು. ಒಂದು ಸಿಬರನ್ನು ಬೆರಳಲ್ಲಿ ಹಿಚುಕಿ ನೋಡಿದಳು.

“ಬಂದೂಕಿಗೂ ಕಲಾಯಿ ಮಾಡಿದಿ ಏನ?”

“ಅದು ಸೀಸ. ನಳಗಿ ಒಳಗಿಂದು.”

“ಸೀಸ ಬ್ಯಾರೆ, ಕಲಾಯಿ ಬ್ಯಾರೆ. ನನಗ ಕಲಸ್ತೀ ಏನ?” ಅವಳು ಸಿಬರನ್ನು ಒಲೆಯ ಕೆಂಡದಂಚಿಗೆ ಎಸೆದಳು. ಅದು ಥಟ್ಟನೆ ಕರಗಿ, ಬೆಳ್ಳಿಯ ಹನಿಯಂತೆ ಹೊಳೆದು ಓಡಿತು.

ಲಾಡಸಾಬನ ಕೈಯಲ್ಲಿಯ ತುತ್ತು ಹಾಗೇ ಉಳಿಯಿತು. ಸೀಸ ಒರೆಸಿದ ಅರಿವೆ ಹೊರಗೆ ಮುಳ್ಳಿನ ಬೇಲಿಯ ಮೇಲಿತ್ತು. ಇದು ನಳಿಗೆಯ ಹೊರಮೈ ಒರೆಸಿದ್ದು. ಕಟ್ಟಿಗೆಯಡಿಯ ಉಬ್ಬಿನ ಮೇಲೆ ಅರ ಹಾಕಿದಾಗ ಬಂದ ಪುಡಿ.

ಕಬ್ಬಿಣದ ನಳಿಗೆಗೆ, ಅದೂ ಯಾರಿಗೂ ಕಾಣದ ಕಡೆ, ಕಲಾಯಿ ಯಾರು ಮಾಡುತ್ತಾರೆ? ಬಿರುಕು ಮುಚ್ಚುವವನು ಮಾಡುತ್ತಾನೆ. ನಳಿಗೆ ಹಿಂದೊಮ್ಮೆ ಉಬ್ಬಿ ಸೀಳಿತ್ತು. ವ್ಯಾಪಾರಿ ತವರ ತುಂಬಿ, ಕರಿ ಬಳಿದು, ಕಟ್ಟಿಗೆ ಬಿಗಿದು ಮಾರಿದ್ದ. ನಾಲ್ಕು ಗುಂಡಿನ ಕಾವಿಗೆ ತವರ ಮೆತ್ತಗಾಗಿ ಸೀಳು ಬಾಯಿ ಬಿಡುತ್ತಿತ್ತು. ಮುಚ್ಚಿದ ಆ ತವರವನ್ನೂ, ಬಿಗಿಹಿಡಿದಿದ್ದ ಕಟ್ಟಿಗೆಯನ್ನೂ ಕೆರೆದು ತೆಗೆದವನು ಅವನೇ. ಇನ್ನು ಒಂದೇ ಗುಂಡಿಗೂ ನಳಿಗೆ ಹರಿಯಬಹುದಿತ್ತು.

“ಯಾ ಅಲ್ಲಾ,” ಅಂದವನೇ ಎದ್ದ.

ಚಕ್ಕಡಿ ದಾರಿ ಗುಡ್ಡ ಸುತ್ತಿಕೊಂಡು ಹೋಗುತ್ತದೆ. ಅದರಲ್ಲಿ ಹೋದರೆ ಕತ್ತಲಾಗುತ್ತಿತ್ತು. ಗುಡ್ಡ ಹತ್ತಿ ಇಳಿಯುವ ಕಾಲುದಾರಿ ಹತ್ತಿರದ್ದು. ಆದರೆ ಲಕ್ಷ್ಮಪ್ಪನನ್ನು ಚಿರತೆ ಹಿಡಿದ ದಿನದಿಂದ ಆ ದಾರಿಯಲ್ಲಿ ಯಾರೂ ಕಾಲಿಟ್ಟಿರಲಿಲ್ಲ. ಜೋಹರಾ ಬಾಗಿಲಿಗೆ ಅಡ್ಡ ನಿಂತಳು. ಅವನು ಅವಳ ಭುಜ ಹಿಡಿದು ಸರಿಸಿ, ಸುತ್ತಿಗೆಯೊಂದನ್ನು ಕೈಗೆ ತೆಗೆದುಕೊಂಡು ನಡೆದ.

ಕೆಂಪು ಬಂಡೆಗಳ ನಡುವೆ ದಾರಿ ಕಿರಿದಾಗುತ್ತ ಹೋಯಿತು. ಹೊತ್ತು ಇಳಿಯುತ್ತಿತ್ತು. ಲಕ್ಷ್ಮಪ್ಪನ ಹರಕು ಕಂಬಳಿ ಕಳ್ಳಿಗೆ ಸಿಕ್ಕಿಕೊಂಡು ಇನ್ನೂ ಅಲ್ಲೇ ಇತ್ತು. ಅದನ್ನು ತೆಗೆಯಲು ಸಹ ಯಾರೂ ಬಂದಿರಲಿಲ್ಲ. ಲಾಡಸಾಬ ಆ ಕಡೆ ನೋಡದೆ ದಾಟಿದ. ಇಳಿಜಾರಿಗೆ ಬಂದಾಗ ಅವನ ಹಿಂದೆ, ಮೇಲೆಲ್ಲೋ, ಮುಸುವವೊಂದು ಖಕ್ ಎಂದು ಕೆಮ್ಮಿತು. ಸ್ವಲ್ಪ ಹೊತ್ತಿಗೆ ಇನ್ನೊಂದು, ಇನ್ನಷ್ಟು ಹತ್ತಿರದಿಂದ. ಮುಸುವಗಳು ಮನುಷ್ಯನಿಗೆ ಹಾಗೆ ಕೆಮ್ಮುವುದಿಲ್ಲ, ಚಿರತೆ ಕಂಡರೆ ಕೆಮ್ಮುತ್ತವೆ. ಕಾಲು ಓಡು ಅನ್ನುತ್ತಿದ್ದವು. ಓಡಿದರೆ ಬೆನ್ನು ಹತ್ತುತ್ತದೆಂದು ಗೊತ್ತಿತ್ತು. ಸುತ್ತಿಗೆಯ ಹಿಡಿ ಬೆವರಿಗೆ ಜಾರುತ್ತಿತ್ತು.

ಹುಣಸೆಮರ ಕಂಡಿತು. ಅಟ್ಟದ ಮೇಲೆ ಗೌಡರ ಬಿಳಿ ರುಮಾಲು. ಕೆಳಗೆ ಆಡು ಹಗ್ಗ ಜಗ್ಗುತ್ತ ಒಂದೇ ಸಮ ಒದರುತ್ತಿತ್ತು. ಅದರ ಮುಖ ಲಾಡಸಾಬನ ಹಿಂದಿನ ಬಂಡೆಯ ಕಡೆಗಿತ್ತು.

“ಗೌಡ್ರ! ಹೊಡೀಬ್ಯಾಡ್ರಿ! ನಳಗಿ ಸೀಳೇತಿ! ಹೊಡೀಬ್ಯಾಡ್ರಿ!”

ಗೌಡರ ಬಂದೂಕು ಮೇಲೆದ್ದದ್ದು ಕಂಡಿತು. ನಳಿಗೆ ನೇರ ಅವನ ಕಡೆಗೇ ತಿರುಗಿತ್ತು. ಅವನ ತಲೆಯ ಮೇಲಕ್ಕೆ, ತುಸು ಎಡಕ್ಕೆ. ಹಿಂದೆ ಹರಳು ಉರುಳಿದ ಸಪ್ಪಳ, ಕೊಳೆತ ಗಾಯದ ವಾಸನೆ. ಲಾಡಸಾಬ ಹಾಗೇ ಕುಸಿದು ನೆಲಕ್ಕೆ ಮುಖ ಹಚ್ಚಿದ.

ಬಂದ ಸಪ್ಪಳ ಬಂದೂಕಿನದ್ದಾಗಿರಲಿಲ್ಲ. ಕುಲುಮೆಯಲ್ಲಿ ಹುಟ್ಟಿ ಬೆಳೆದವನಿಗೆ ಕಬ್ಬಿಣ ಹರಿಯುವ ಸಪ್ಪಳ ಗೊತ್ತು. ಬೆನ್ನ ಮೇಲೆ ಏನೋ ಭಾರವಾದದ್ದು ಬಿದ್ದು ಹೊರಳಿ, ಎರಡು ಸಲ ನೆಲ ಕೆರೆದು ತಣ್ಣಗಾಯಿತು. ಗುಂಡು ಚಿರತೆಯ ಎದೆಯ ನಟ್ಟನಡುವೆ ಹೊಕ್ಕಿತ್ತು.

ಮರದ ಮೇಲಿಂದ ಸದ್ದಿಲ್ಲ. ಲಾಡಸಾಬ ಅಟ್ಟ ಹತ್ತಿದಾಗ ಗೌಡರು ಟೊಂಗೆಗೆ ಒರಗಿದ್ದರು. ಎಡಗೈಯಿದ್ದ ಕಡೆ ಮಾಂಸ, ಕಟ್ಟಿಗೆಯ ಚೂರು ಎರಡೂ ಒಂದಾಗಿದ್ದವು. ಅವನು ತನ್ನ ತಲೆಗೆ ಸುತ್ತಿದ ಪಟಗ ಹರಿದು ಮೊಣಕೈ ಮೇಲೆ ಬಿಗಿದ. ಊರವರು ಬಂದು ಚಕ್ಕಡಿಯಲ್ಲಿ ಟೇಸನ್ನಿಗೆ, ಅಲ್ಲಿಂದ ರೈಲಿನಲ್ಲಿ ಬಾಗಲಕೋಟೆಯ ದವಾಖಾನೆಗೆ ಒಯ್ದರು. ಜೀವ ಉಳಿಯಿತು. ಮಣಿಕಟ್ಟಿನಿಂದಾಚೆ ಎಡಗೈ ಉಳಿಯಲಿಲ್ಲ.

ಇಪ್ಪತ್ತು ದಿನದ ಮೇಲೆ ಗೌಡರು ಊರಿಗೆ ಬಂದರೆಂದು ಕೇಳಿ ಲಾಡಸಾಬ ಹೋದ. ಹೊತ್ತು ಆಗಷ್ಟೇ ಏರಿತ್ತು. ಪಡಸಾಲೆಯಲ್ಲಿ ಗೌಡರು ಪೂಜೆಗೆ ಕೂತಿದ್ದರು. ಲಿಂಗವಂತರು ಇಷ್ಟಲಿಂಗವನ್ನು ಎಡಗೈಯ ಅಂಗೈಯಲ್ಲಿಟ್ಟು ಪೂಜಿಸುತ್ತಾರೆ. ಗೌಡರ ಲಿಂಗ ಅವರ ಹೆಂಡತಿ ಬಸಲಿಂಗವ್ವನ ಅಂಗೈಯಲ್ಲಿತ್ತು. ಅವಳು ಎದುರಿಗೆ ಕೂತು ಅಲುಗಾಡದೆ ಕೈಚಾಚಿದ್ದಳು. ಗೌಡರು ಬಲಗೈಯಿಂದ ವಿಭೂತಿ ಹಚ್ಚುತ್ತಿದ್ದರು. ಲಾಡಸಾಬ ಹೊಸ್ತಿಲಾಚೆಯೇ ನಿಂತ. ಅವನ ಕಣ್ಣು ತುಂಬಿದವು.

ಪೂಜೆ ಮುಗಿದ ಮೇಲೆ ಎಲ್ಲವನ್ನೂ ಹೇಳಿದ. ಐದನೆಯ ಗುಂಡು ಯಾಕೆ ಹೊರಳಿತೆಂದು ತನಗೆ ಗೊತ್ತಿರಲಿಲ್ಲವೆಂದೂ, ಗೊತ್ತಿದ್ದವನಂತೆ ಮಾತಾಡಿದೆನೆಂದೂ, ತವರ ಕೆರೆದದ್ದು ತನ್ನದೇ ಅರವೆಂದೂ ಹೇಳಿದ.

ಬಸಲಿಂಗವ್ವ ಎದ್ದು ಒಳಗೆ ಹೋದಳು. ಗೌಡರು ವಿಭೂತಿಯ ಬಟ್ಟಲನ್ನು ಬಲಗೈಯಿಂದ ಪಕ್ಕಕ್ಕೆ ಸರಿಸಿದರು.

“ನೀ ಒದರಿದ್ದು ನನಗ ಕೇಳಿಸಿತ್ತು, ಲಾಡಸಾಬ,” ಅಂದರು. “ನಳಗಿ ಸೀಳೇತಿ ಅಂದದ್ದೂ ಕೇಳಿಸಿತ್ತು. ಮೂರು ಹೆಣ ಆಗಿದ್ದುವು. ನಾಲ್ಕನೇದು ನನ್ನ ಕಣ್ಣಮುಂದ ಬ್ಯಾಡಾಗಿತ್ತು.”

ಲಾಡಸಾಬ ಹೊಸ್ತಿಲ ಬದಿಗೆ ಕೂತ. ಗೌಡರು ಬಂದೂಕು ಮಾರಿದವನ ಮಾತು ತೆಗೆದರು. ಮಾಮಲೇದಾರರು ಬೆಳಗಾವಿಗೆ ಬರೆದಿದ್ದರಂತೆ. ಅಂಗಡಿಗೆ ಕೀಲಿ ಬಿದ್ದಿತ್ತು, ವ್ಯಾಪಾರಿ ಎಲ್ಲಿಗೆ ಹೋದನೆಂದು ಯಾರಿಗೂ ಗೊತ್ತಿಲ್ಲ. ಹೇಳುತ್ತ ಹೇಳುತ್ತ ಅವರ ಹುಬ್ಬು ಗಂಟಿಕ್ಕಿತು.

“ಅಂಗಡ್ಯಾಗ ಎರಡು ಇದ್ದುವು. ಒಂದ ನಮೂನಿ, ಒಂದ ಕರಿ ಬಣ್ಣ. ಒಂದು ನಾ ತಗೊಂಡೆ. ಇನ್ನೊಂದು ಅವತ್ತ ಒಬ್ಬಾಂವ ಒಯ್ದ. ಹುನಗುಂದದ ಕಡಿಯಾಂವ, ಅಂದಾನಪ್ಪ ಅಂತ. ಹೊಲಕ್ಕ ಹಂದಿ ಬರತಾವ ಅಂದಿದ್ದ.”

“ಯಾ ಊರು ಅಂದಿದ್ನೇನ್ರಿ?”

“ಕೇಳಲಿಲ್ಲಪಾ.”

ಒಳಗಿನಿಂದ ಬಸಲಿಂಗವ್ವ ರೊಟ್ಟಿ ತಟ್ಟುವ ಸಪ್ಪಳ ಬರುತ್ತಿತ್ತು. ಉಂಡು ಹೋಗು ಅಂದರು ಗೌಡರು. ಲಾಡಸಾಬ ಆಗಲೇ ಚಪ್ಪಲಿ ಮೆಟ್ಟುತ್ತಿದ್ದ. ಅಮೀನಗಡದ ದಾರಿ ಹಿಡಿದರೆ ಹುನಗುಂದಕ್ಕೆ ಎರಡು ದಿನ. ದಾರಿಯ ಎರಡೂ ಕಡೆ ಜೋಳ ಹಾಲುಗಾಳು ಕಟ್ಟಿತ್ತು. ಹಂದಿ ಇಳಿಯುವ ಕಾಲ ಅದೇ.