ಮಾವ ಕಳಿಸಿದ ಡಬ್ಬಿ

“ಇಷ್ಟು ದೊಡ್ಡ ಮೊಟ್ಟೆ ಮನುಷ್ಯರ ಹೊಟ್ಟೆಯೊಳಗೆ ಎಲ್ಲಿಂದ ಬಂತು?”

ಕೇಳಿದವಳು ನಂದಿತಾ. ಯಾರನ್ನು ಕೇಳಿದಳೋ ಅವಳಿಗೇ ಗೊತ್ತಿರಲಿಲ್ಲ. ಸೂಕ್ಷ್ಮದರ್ಶಕದ ಆಚೆಗೆ ಗೋಡೆಯಿತ್ತು, ಗೋಡೆಯ ಮೇಲೊಂದು ಹಲ್ಲಿಯಿತ್ತು. ಎರಡೂ ಬಾಯಿ ಬಿಡಲಿಲ್ಲ.

ತುಮಕೂರಿನ ಕಾಲೇಜೊಂದರ ಪ್ರಯೋಗಾಲಯದಲ್ಲಿ ಅವಳು ಕೊಕ್ಕೆಹುಳುವಿನ ಬೆನ್ನು ಬಿದ್ದಿದ್ದಳು. ಬರಿಗಾಲಿನ ಚರ್ಮ ತೂರಿ ಒಳಸೇರಿ, ಕರುಳಿಗೆ ಕಚ್ಚಿಕೊಂಡು, ವರ್ಷಗಟ್ಟಲೆ ಸದ್ದಿಲ್ಲದೆ ರಕ್ತ ಕುಡಿಯುವ ದಾರದೆಳೆಯಂಥ ಹುಳು. ಅದು ಬಂದವರು ತಟ್ಟನೆ ಸಾಯುವುದಿಲ್ಲ, ಹಾಗಾಗಿ ಅದರ ಕಡೆ ಯಾರೂ ತಿರುಗಿ ನೋಡುವುದಿಲ್ಲ. ಬಡವರ ಸುಸ್ತಿಗೆ ಹೆಸರಿಡುವವರು ಯಾರು? ಗುಬ್ಬಿ ಕಡೆಯ ತೋಟದ ಊರುಗಳಲ್ಲಿ ಈ ಹುಳು ಎಲ್ಲೆಲ್ಲಿದೆ, ಅದನ್ನು ಜನರ ಜಗಲಿಯ ಮೇಲೇ ಕೂತು ಪತ್ತೆ ಹಚ್ಚುವುದು ಹೇಗೆ ಎನ್ನುವುದು ಅವಳ ಸಂಶೋಧನೆ. ಅದರ ಮೊಟ್ಟೆಗಳಿಗೆ ತಾಳ್ಮೆಯಿಲ್ಲ. ಸ್ಲೈಡಿನ ಮೇಲಿಟ್ಟು ನಿಧಾನವಾಗಿ ಕಾಫಿ ಕುಡಿದು ಬಂದರೆ ಕರಗಿ ಮಾಯವಾಗಿರುತ್ತವೆ.

ಈ ಸಲದ ಮಲಪರೀಕ್ಷೆಯ ಡಬ್ಬಿಗಳು ಹಾಗಲವಾಡಿಯಿಂದ ಬಂದಿದ್ದವು. ಅವಳು ಈಗ ನೋಡುತ್ತಿದ್ದ ಡಬ್ಬಿಯ ಮೇಲಿನ ಹೆಸರು ಅಡವಿಯಪ್ಪ.

ಅಡವಿಯಪ್ಪ ಅವಳ ಸೋದರಮಾವ. ತಾಯಿ ಸತ್ತ ಕೂಸನ್ನು ಎದೆಗವಚಿಕೊಂಡು ತಂದು ಸಾಕಿದವರು, ಓದಿಸಿದವರು, ಮದುವೆಯ ದಿನ ಎರಡು ಕೈಯಲ್ಲಿ ಎತ್ತಿ ತಂದು ಹಸೆಮಣೆಯ ಮೇಲೆ ಕೂರಿಸಿದವರು. ಆ ಕೈಗಳು ಈಗ ಒಂದು ಪಿಂಡಿ ವೀಳ್ಯದೆಲೆ ಎತ್ತಿದರೆ ನಡುಗುತ್ತಿದ್ದವು. ಉಗುರು ಸುಣ್ಣ ಬಳಿದ ಹಾಗೆ ಬಿಳಿಚಿಕೊಂಡಿತ್ತು. ಕುಣಿಗಲ್ಲಿನಲ್ಲಿ ಮೇಷ್ಟ್ರಾಗಿದ್ದ ಮಗ ಪ್ರಭುದೇವ ಅಲ್ಲಿಯ ಡಾಕ್ಟರಿಗೆ ತೋರಿಸಿದ. ಮೈಯಲ್ಲಿ ರಕ್ತ ಅರ್ಧಕ್ಕರ್ಧ ಇಲ್ಲ, ಒಳಗೆಲ್ಲೋ ಸೋರುತ್ತಿದೆ, ಈ ವಯಸ್ಸಿಗೆ ಗಡ್ಡೆಯಿದ್ದರೂ ಇರಬಹುದು, ಬೆಂಗಳೂರಿಗೆ ಕರೆದೊಯ್ದು ಕೊಳವೆ ಇಳಿಸಿ ನೋಡಿಸಿ ಎಂದರು ಅವರು. ಮಾವ ಜಪ್ಪಯ್ಯ ಎಂದರೂ ಒಪ್ಪಲಿಲ್ಲ. ಅವರ ಅಣ್ಣ ಅಂಥದೇ ಕೊಳವೆಗೆಂದು ಹೋಗಿ ಜೀವಂತ ಮರಳಿರಲಿಲ್ಲ. ಹೊತ್ತುಕೊಂಡಾದರೂ ಸೋಮವಾರ ಕರೆದೊಯ್ಯುತ್ತೇನೆಂದು ಪ್ರಭು ಶಾಲೆಗೆ ರಜೆ ಬರೆದು ಕೊಟ್ಟಿದ್ದ.

ಡಾಕ್ಟರಿಗೆ ಫೋನ್ ಮಾಡಿ ನಂದಿತಾ ಬೇಡಿಕೊಂಡಿದ್ದಳು. ಕೊಕ್ಕೆಹುಳು ಇದೆಯೆಂದು ಖಾತ್ರಿಯಾದರೆ ಅವಸರ ಬೇಡ, ಮಾತ್ರೆ ಕೊಟ್ಟು, ಕಬ್ಬಿಣದ ಟಾನಿಕ್ ಕೊಟ್ಟು, ರಕ್ತ ಏರುತ್ತದೋ ಇಲ್ಲವೋ ನೋಡೋಣ ಎಂದು ಅವರು ಒಪ್ಪಿದ್ದರು. ಹಾಗಾಗಿ ಈ ದಿನ ಬೆಳಿಗ್ಗೆ ಮರಳೂರಿನ ತನ್ನ ಮನೆಯಲ್ಲಿ ಅಂಗೈಯಲ್ಲಿ ಲಿಂಗ ಹಿಡಿದು ಕೂತಾಗ ಅವಳು ಬೇಡಿದ್ದು ಯಾವ ಭಕ್ತರೂ ಬೇಡದ ವರ: ‘ಶಿವನೇ, ನಮ್ಮ ಮಾವನ ಹೊಟ್ಟೆಯಲ್ಲಿ ಹುಳ ಇರಲಿ.’

ಇದ್ದವು. ಆದರೆ ಈ ಮೊಟ್ಟೆಗಳು ಕೊಕ್ಕೆಹುಳುವಿನ ಮೊಟ್ಟೆಯನ್ನೇ ಹೋಲುತ್ತಿದ್ದರೂ ಅದಕ್ಕಿಂತ ದಪ್ಪವಾಗಿ, ಉದ್ದವಾಗಿ, ಚೆನ್ನಾಗಿ ಉಂಡವರ ಮನೆಯವುಗಳ ಹಾಗಿದ್ದವು.

“ಮೇಡಂ, ಅಡವಿಯಪ್ಪನವ್ರದ್ದು ಒಂದೇ ಅಲ್ಲ,” ಅಂಜನ್‌ಕುಮಾರ್ ಓಡಿ ಬಂದ. ಅವಳ ಕೈಕೆಳಗೆ ಸಂಶೋಧನೆ ಮಾಡುತ್ತಿದ್ದ ಪೇಟೆಯ ಹುಡುಗ, ಡಬ್ಬಿ ತೆರೆದು ಸ್ಲೈಡ್ ಮಾಡಿದವನು ಅವನೇ. “ಆ ಬೀದಿಯವ್ರದ್ದೆಲ್ಲ ಹಿಂಗೇ ಇದೆ. ಸೇಮ್ ಟು ಸೇಮ್. ಇದು ಯಾವುದೋ ಹೊಸದು ಮೇಡಂ! ಇಡೀ ಬೀದಿಗೆ ಹರಡಿದೆ. ಪೇಪರ್ ಬರೀಬೋದು!”

ನಂದಿತಾಳಿಗೂ ಒಂದು ಗಳಿಗೆ ಎದೆ ಹಿಗ್ಗಿತು. ಯಾರೂ ಕಾಣದ್ದನ್ನು ಕಂಡೆನೆಂಬ ಆಸೆ ಯಾರನ್ನು ಬಿಟ್ಟಿದೆ? ಆದರೆ ಆಸೆಯ ಹಿಂದೆಯೇ ಕಣ್ಣು ಇನ್ನೊಂದನ್ನು ಕಂಡಿತು. ಮೊಟ್ಟೆಯ ಸುತ್ತ ಹುಲ್ಲಿನ ನಾರು. ಎಲ್ಲಿ ನೋಡಿದರೂ ಹುಲ್ಲಿನ ನಾರು. ಅವಳು ಎದ್ದು ಹೋಗಿ ಮಾವನ ಡಬ್ಬಿಯ ಮುಚ್ಚಳ ತೆರೆದು ಮಾಸ್ಕ್ ಇಳಿಸಿದಳು. ಗಮ್ಮೆಂದು ಬಂದದ್ದು ಕೊಟ್ಟಿಗೆಯ ವಾಸನೆ. ಅವಳು ಬೆಳೆದ ಮನೆಯ ಬೆಳಗಿನ ವಾಸನೆ.

“ಅಂಜನ್, ಇದು ಹಸಿರು ಹಸಿರಾಗಿದೆ ಅಂತ ನಿಂಗೆ ಏನೂ ಅನ್ಸಲಿಲ್ವೇನೋ?”

“ಹಳ್ಳಿಯವ್ರು ಸೊಪ್ಪು ಜಾಸ್ತಿ ತಿಂತಾರಲ್ಲ ಮೇಡಂ, ಅದಕ್ಕೆ ಅಂದ್ಕೊಂಡೆ.”

“ಸೊಪ್ಪಲ್ಲ ಕಣೋ, ಸಗಣಿ! ಇದು ನಮ್ಮ ಮಾವನ ಹಸು ಕಪಿಲೆದು.”

ಅವಳು ನಗುತ್ತಾ ನಗುತ್ತಾ ಕುರ್ಚಿಗೆ ಕುಸಿದಳು. ಹುಡುಗನೂ ನಕ್ಕ. ಆಮೇಲೆ ಅವಳ ನಗು ನಿಂತಿತು. ಮಾವನ ಹೊಟ್ಟೆಯ ಸುದ್ದಿ ಇನ್ನೂ ಗೊತ್ತಾಗಿರಲಿಲ್ಲ, ನಾಳೆ ಕಳೆದು ನಾಡಿದ್ದು ಸೋಮವಾರ. ಸೂಕ್ಷ್ಮದರ್ಶಕವನ್ನು ಪೆಟ್ಟಿಗೆಗೆ ಹಾಕಿ ಕಾರಿನ ಹಿಂದಿನ ಸೀಟಿನಲ್ಲಿ ಮಗುವಿನ ಹಾಗೆ ಮಲಗಿಸಿ, ಗುಬ್ಬಿಯ ದಾರಿ ಹಿಡಿದಳು.

ಹಾಗಲವಾಡಿ ತಲುಪಿದಾಗ ಮಾವ ಎಲೆತೋಟದಲ್ಲಿದ್ದರು. ಎಲೆತೋಟಕ್ಕೆ ಯಾರೂ ಚಪ್ಪಲಿ ಮೆಟ್ಟಿ ಹೋಗುವುದಿಲ್ಲ. ಅದು ಲಕ್ಷ್ಮಿ ನಿಂತ ನೆಲ, ಮಠದ ಪೂಜೆಗೆ ಎಲೆ ಹೋಗುವ ನೆಲ. ಊರೂರಿಗೆ ಹೋಗಿ ಚಪ್ಪಲಿ ಹಾಕಿಕೊಳ್ಳಿರೆಂದು ಭಾಷಣ ಮಾಡುವ ನಂದಿತಾಳ ಕಾಲೂ ತಡಿಕೆಯ ಬಾಗಿಲಲ್ಲಿ ತಾನಾಗಿ ಚಪ್ಪಲಿ ಕಳಚಿತು. ಅಗಸೆ ಮರಗಳ ನೆರಳಲ್ಲಿ ಒದ್ದೆ ಮಣ್ಣು ತಣ್ಣಗಿತ್ತು. ಮಾವ ಬದುವಿನ ಮೇಲೆ ಕೂತು, ಏದುಸಿರಿನ ನಡುವೆ ಯಾವುದೋ ಪದ್ಯವನ್ನು ರಾಗವಾಗಿ ಹೇಳಿಕೊಳ್ಳುತ್ತಿದ್ದರು. ಅವಳು ಪದ್ಯ ಮುಗಿಯುವ ತನಕ ನಿಂತಳು. ಮೊದಲೆಲ್ಲ ಒಂದೇ ಉಸಿರಿಗೆ ಹೇಳಿ ಮುಗಿಸುತ್ತಿದ್ದ ಸಾಲಿಗೆ ಮಾವ ಎರಡು ಕಡೆ ನಿಂತರು.

“ಏನವ್ವಾ, ಹೇಳ್ದೆ ಕೇಳ್ದೆ ಬಂದ್ಬುಟ್ಟೆ?” ಅವಳನ್ನು ಕಂಡು ಮಾವನ ಮುಖ ಅರಳಿತು.

“ನಿಮ್ಮ ರಿಸಲ್ಟ್ ಬಂತು ಮಾವ. ನೀವು ಗಬ್ಬ ಆಗಿದೀರಂತೆ. ದೀಪಾವಳಿ ಹೊತ್ಗೆ ಕರು ಹಾಕ್ತೀರಂತೆ.”

ಮಾವ ತಲೆ ತಗ್ಗಿಸಿದರು. ಕಳ್ಳ ಸಿಕ್ಕಿಬಿದ್ದಿದ್ದ.

ಮನೆಗೆ ಬಂದ ಮೇಲೆ ವಿಷಯ ಒಂದೊಂದಾಗಿ ಹೊರಬಿತ್ತು. ಡಬ್ಬಿ ಹಂಚಿದ್ದು ಆಶಾ ಕಾರ್ಯಕರ್ತೆ. ಆದರೆ ಅದನ್ನು ಪರೀಕ್ಷೆ ಮಾಡುವವಳು ನಂದಿತಾ ಎಂದು ಗೊತ್ತಾದದ್ದೇ ತಡ, ಬೀದಿಯ ಜನಕ್ಕೆಲ್ಲ ಸಂಕೋಚ ಹತ್ತಿತು. ಮಠದ ಭಜನೆಗೆ ಮುಂದಾಳಾದ ಅಡವಿಯಪ್ಪನವರ ಹತ್ತಿರ ಬಂದು, ನಮ್ಮೂರ ಹೆಣ್ಣುಮಗಳ ಕೈಗೆ ಅದನ್ನು ಕೊಡುವುದುಂಟೇ ಎಂದು ಕೇಳಿದರು. ಅವರು ಅದಕ್ಕೊಂದು ದಾರಿ ಕಂಡುಹಿಡಿದರು.

“ಇಭೂತಿ ಯಾತರಿಂದ ಮಾಡ್ತಾರವ್ವಾ? ಸಗಣಿ ಸುಟ್ಟಲ್ವಾ? ನೀನು ದಿನಾ ಹಣೆಗೆ ಧರಿಸೋದು ಅದ್ನೇ. ಕೂಸು ಮುಟ್ಟೋದೇ ಆದ್ರೆ ಪವಿತ್ರವಾದ್ದು ಮುಟ್ಲಿ ಅಂತ ಎಲ್ಲಾ ಡಬ್ಬಿಗೂ ನಾನೇ ತುಂಬ್ದೆ.”

“ಎಲ್ಲಾ ಡಬ್ಬಿಗೂ!” ಒಳಗಿಂದ ಗಂಗಾಂಬಿಕೆಯ ದನಿ ಬಂತು. ಅತ್ತೆ ಕಾಫಿ ಸೋಸುತ್ತಿದ್ದರು. “ಬೆಳಗಾಗೆದ್ದು ತುಂಬ್ತಾ ಕೂತಿದ್ರು ಕಣೇ, ಉಪ್ಪಿನಕಾಯಿ ಜಾಡಿ ತುಂಬ್ದಂಗೆ. ಏನ್ರೀ ಇದು ಅಂದ್ರೆ, ಸೈನ್ಸು, ನಿಂಗೊತ್ತಾಗಲ್ಲ ಬುಡು ಅಂದ್ರು.”

ನಂದಿತಾ ಜಗಲಿಯ ಮೇಲೆ ಮಣೆ ಹಾಕಿ ಸೂಕ್ಷ್ಮದರ್ಶಕ ಇಟ್ಟಳು. ಬೈಯಲಿಲ್ಲ. ತಂದಿದ್ದ ಡಬ್ಬಿಯಿಂದಲೇ ಹೊಸ ಸ್ಲೈಡ್ ಮಾಡಿ, “ಬನ್ನಿ ಮಾವ, ನೀವು ಕಳಿಸಿದ್ದು ನೀವೇ ನೋಡಿ,” ಎಂದಳು.

ಮಾವ ಒಂದು ಕಣ್ಣು ಮುಚ್ಚಿ ಬಾಗಿದರು. ಬಹಳ ಹೊತ್ತು ಏಳಲಿಲ್ಲ. ಗಾಜಿನ ಹಾಗೆ ತಿಳಿಯಾದ ಕವಚ, ಅದರೊಳಗೆ ದ್ರಾಕ್ಷಿಗೊಂಚಲಿನಂತೆ ಒತ್ತಿಕೊಂಡ ಜೀವಕಣಗಳು.

“ಶಿವಶಿವಾ. ಇಷ್ಟು ಸಣ್ಣದ್ರಲ್ಲೂ ಎಂಥಾ ಕುಸುರಿ ಕೆಲ್ಸ ಮಾಡವ್ನೆ ನೋಡು. ಇದೇನವ್ವಾ ಇದು?”

“ಹುಳದ ಮೊಟ್ಟೆ. ಕಪಿಲೆ ಹೊಟ್ಟೆಲಿ ಹುಳ ಇದೆ.”

ಮಾವ ಗಾಬರಿಯಾಗಿ ಎದ್ದರು. “ಅಯ್ಯೋ, ಹಂಗಾದ್ರೆ ಔಷ್ದಿ ಹಾಕ್ಬೇಕಲ್ಲ? ನಾಳೇನೇ ಡಾಕ್ಟ್ರನ್ನ ಕರುಸ್ತೀನಿ. ಮೂಕ ಪ್ರಾಣಿ, ನೋವಾದ್ರೆ ಹೇಳ್ಕೊಳಕ್ಕೂ ಬರಲ್ಲ ಅದುಕ್ಕೆ.”

“ಹಸುಗೆ ಡಾಕ್ಟ್ರು,” ಎಂದರು ಗಂಗಾಂಬಿಕೆ ಲೋಟ ಕೈಗಿಡುತ್ತಾ. “ಅದುಕ್ಕೆ ಹೇಳ್ಕೊಳಕ್ಕೆ ಬರಲ್ಲ, ನಿಮ್ಗೆ ಬರುತ್ತಲ್ಲ, ನೀವ್ಯಾಕೆ ಹೇಳಲ್ಲ? ರಾತ್ರಿಯೆಲ್ಲ ಕೂತ್ಕೊಂಡು ಉಸುರೆಳಿತೀರಲ್ಲ, ಅದುನ್ನ ಯಾರತ್ರ ಹೇಳಿದೀರ?” ಲೋಟ ಕೊಟ್ಟ ಕೈ ಅಲ್ಲೇ ನಿಂತಿತು. “ಇವ್ಳು ಕೂಸಾಗಿದ್ದಾಗ ಇವ್ಳ ಬಟ್ಟೆನೆಲ್ಲ ಬಾವಿಕಟ್ಟೆ ಮೇಲೆ ಕುಕ್ಕರಗಾಲಲ್ಲಿ ಕೂತು ಒಗ್ದೋರು ಯಾರ್ರೀ? ಆವಾಗ ಒಂದು ದಿನಾನಾದ್ರೂ ಮೂಗು ಮುಚ್ಕೊಂಡ್ರಾ?”

ಮಾವ ಕಾಫಿ ಕುಡಿದರು. ರಾತ್ರಿ ಊಟವಾದ ಮೇಲೆ ಕೈ ತೊಳೆಯುತ್ತಾ, ಅವಳ ಕಡೆ ನೋಡದೆ, “ಡಬ್ಬಿ ಇನ್ನೊಂದೈತೇನವ್ವಾ?” ಎಂದು ಕೇಳಿದರು.

ಬೆಳಿಗ್ಗೆ ಅವರು ತಂದಿಟ್ಟ ರೀತಿ ನೋಡಬೇಕಿತ್ತು. ಡಬ್ಬಿಗೆ ಪೇಪರು, ಪೇಪರಿನ ಮೇಲೆ ಪ್ಲಾಸ್ಟಿಕ್ ಕವರು, ಕವರಿನ ಮೇಲೆ ಬಟ್ಟೆಯ ಚೀಲ, ಚೀಲದ ಬಾಯಿಗೆ ಬಾಳೆನಾರಿನ ಗಂಟು. ಜಗಲಿಯ ತುದಿಯಲ್ಲಿಟ್ಟು, ಸ್ನಾನಕ್ಕೆ ಹೋಗಿ, ಹಣೆತುಂಬ ವಿಭೂತಿ ಧರಿಸಿ ಬಂದು, ಅಂಗಳದ ಆಚೆ ತುದಿಯಲ್ಲಿ ಜಗಲಿಗೆ ಬೆನ್ನು ಮಾಡಿ ನಿಂತರು.

ನಂದಿತಾ ಗಂಟು ಬಿಚ್ಚಿದಳು, ಸ್ಲೈಡ್ ಮಾಡಿದಳು, ಕಣ್ಣಿಟ್ಟಳು. ಮೊದಲು ಏನೂ ಕಾಣಲಿಲ್ಲ. ಸ್ಲೈಡನ್ನು ಕೂದಲೆಳೆಯಷ್ಟು ಸರಿಸಿದಳು. ಇನ್ನೊಂದಿಷ್ಟು ಸರಿಸಿದಳು. ಆಗ ಬಂತು ಒಂದು: ತೆಳು ಕವಚದ, ನಾಲ್ಕು ಕಣಗಳ, ಅಳತೆಗೆ ಸರಿಯಾದ ಮೊಟ್ಟೆ. ಅದರ ಪಕ್ಕದಲ್ಲಿ ಇನ್ನೊಂದು. ಅದರಾಚೆಗೆ ಜಾತ್ರೆಯೇ ನೆರೆದಿತ್ತು.

“ಅತ್ತೆ! ಹುಳ ಸಿಕ್ತು! ರಾಶಿ ರಾಶಿ ಇದೆ!”

ಗಂಗಾಂಬಿಕೆ ಒಲೆ ಬಿಟ್ಟು ಓಡಿ ಬಂದರು. ಮನೆಯಲ್ಲಿ ಗಂಡು ಹುಟ್ಟಿದವರ ಹಾಗೆ ಬೆಲ್ಲದ ಚೂರು ತಂದು ನಂದಿತಾಳ ಕೈಗೆ ಕೊಡಹೋಗಿ, ಕೈಗವಸು ಕಂಡು, ಬಾಯಿಗೇ ಹಾಕಿದರು. ಕುಣಿಗಲ್ಲಿಗೆ ಫೋನ್ ಹೋಯಿತು. ಆ ಕಡೆ ಪ್ರಭುದೇವನಿದ್ದ. “ಬರೀ ಹುಳಾನಾ? ನಮ್ಮಪ್ಪಂಗೆ ಬರೀ ಹುಳಾನಾ ನಂದಿತಾ?” ಎಂದ. ಡಾಕ್ಟರನ್ನೂ ಸೇರಿಸಿ ಮಾತಾಡಿಸಿದರು. ಮಾತ್ರೆ ಕೊಡಿ, ಬೆಂಗಳೂರು ಸದ್ಯಕ್ಕೆ ಬೇಡ, ಮುಂದಿನ ತಿಂಗಳು ರಕ್ತ ನೋಡಿ ಮಾತಾಡೋಣ ಎಂದರು ಡಾಕ್ಟರು.

ಮಾವ ಅಂಗಳದ ತುದಿಯಿಂದ ಮೆಲ್ಲಗೆ ತಿರುಗಿ ಬಂದರು. ನಂದಿತಾ ತಂದಿದ್ದ ಮಾತ್ರೆಯನ್ನು ಪ್ರಸಾದದ ಹಾಗೆ ಅಂಗೈ ಚಾಚಿ ಈಸಿಕೊಂಡು, ಕಣ್ಣಿಗೊತ್ತಿಕೊಂಡು ನುಂಗಿದರು. ಬೀದಿಯವರ ಮನೆ ಮನೆಗೆ ಹೋಗಿ, ತಪ್ಪಾಯಿತು, ಈ ಸಲ ಅವರವರದ್ದೇ ಕೊಡಿ ಎಂದು ತಾವೇ ಹೇಳಿಬರುವುದಾಗಿಯೂ ಒಪ್ಪಿದರು. ಇಷ್ಟಕ್ಕೆ ಎಲ್ಲ ಮುಗಿಯಿತೆಂದುಕೊಂಡಿದ್ದರೇನೋ.

“ಮಾವ, ಮಾತ್ರೆ ಕೆಲಸ ಮಾಡ್ತೋ ಇಲ್ವೋ ಅಂತ ಇನ್ನೊಂದ್ ಸಲ ನೋಡ್ಬೇಕು. ಮುಂದಿನ ತಿಂಗಳು ಇನ್ನೊಂದು ಡಬ್ಬಿ ಕೊಡ್ಬೇಕಾಗುತ್ತೆ.”

ಮಾವನ ಮುಖ ಮತ್ತೆ ಇಳಿಯಿತು. ಜಗಲಿಯ ಕಂಬ ಹಿಡಿದು ಅವಳ ಎದುರು ಕೂತರು.

“ಕೊಡ್ತೀನಿ ಕಣವ್ವಾ. ಇಲ್ಲ ಅನ್ನಲ್ಲ. ಆದ್ರೆ ಒಂದ್ ಮಾತು ನಡೆಸ್ಕೊಡು. ಮಗಳ ಸಮಾನ ನೀನು, ನಮ್ಮಕ್ಕನ ಉಸುರು. ನಿನ್ನ ಕೈ ಇದ್ರ ಮೇಲಾಡೋದು ಕಂಡ್ರೆ ನಂಗೆ ಅನ್ನ ಇಳಿಯಲ್ಲ. ಆ ಹುಡುಗ ಅವ್ನಲ್ಲ, ಅಂಜನ್‌ಕುಮಾರ, ಅವ್ನೇ ನೋಡ್ಲಿ. ನೀನು ಬ್ಯಾಡ.”

ನಂದಿತಾ ಕೈಗವಸು ಕಳಚಿದಳು. ಕೈಯನ್ನು ಸೋಪು ಹಾಕಿ ತೊಳೆದಳು, ಒರೆಸಿಕೊಂಡಳು, ಬಂದು ಮಾವನ ಬಿಳಿಚಿದ ಅಂಗೈಯನ್ನು ತನ್ನ ಎರಡು ಕೈಯಲ್ಲಿ ಹಿಡಿದಳು.

“ಆಗಲ್ಲ ಮಾವ,” ಎಂದಳು. “ನಿಮ್ಮದನ್ನ ಇನ್ಯಾರ ಕೈಗೂ ನಾನು ಕೊಡಲ್ಲ.”