ಏಳನೆಯ ಜಾಗ

ನನ್ನ ಮಗಳು ಪ್ರೇರಣಾ ಇಡೀ ತಾಲೂಕಿಗೆ ಏಳನೆಯವಳು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಆಮೇಲೆ ಸಿಕ್ಕವರೆಲ್ಲ ಇದೊಂದನ್ನೇ ಮರೆಸಲು ನೋಡಿದರು.

ಮಹಾರಾಷ್ಟ್ರದ ಗಡಹಿಂಗ್ಲಜದ ಒಂದು ಸರಕಾರಿ ಶಾಲೆಯಲ್ಲಿ ಈ ವರ್ಷ ಐದನೆಯ ಇಯತ್ತೆಗೆ ಜಾಣ ಮಕ್ಕಳದೇ ಒಂದು ಬೇರೆ ವರ್ಗ ತೆರೆದರು. ಅದಕ್ಕೆ ಉದ್ದನೆಯ ಹೆಸರೊಂದಿದೆ, ನಮ್ಮ ಕಡೆ ಎಲ್ಲರೂ ಕರೆಯುವುದು ಹುಷಾರ ವರ್ಗ ಎಂದು. ಒಳ್ಳೆಯ ಮಾಸ್ತರರು, ಪ್ರಯೋಗ ಮಾಡುವ ಕೋಣೆ, ಪುಸ್ತಕ, ಬಸ್ಸಿನ ಪಾಸು, ಎಲ್ಲ ಪುಕ್ಕಟೆ. ಸೀಟು ಮಾತ್ರ ಇಪ್ಪತ್ನಾಲ್ಕೇ. ಅದರಲ್ಲಿ ಇಪ್ಪತ್ತು ಬರೀ ಪ್ರವೇಶ ಪರೀಕ್ಷೆಯ ಮಾರ್ಕ್ಸಿನ ಮೇಲೆ, ಯಾವ ಊರಿನ ಯಾವ ಶಾಲೆಯವರಾದರೂ ಸರಿ. ಉಳಿದ ನಾಲ್ಕು ಗಡಿಯ ಕನ್ನಡ ಶಾಲೆಗಳ ಮಕ್ಕಳಿಗೆ ಮೀಸಲು. ಇಪ್ಪತ್ತರಲ್ಲಿ ನಮ್ಮ ಮಕ್ಕಳು ಬರಲಾರರು, ಪಾಪ, ಅವರಿಗೂ ನಾಲ್ಕು ಇರಲಿ ಎಂದು ಯಾರೋ ಪುಣ್ಯಾತ್ಮರು ಯೋಚಿಸಿದ್ದರು.

ಪ್ರೇರಣಾ ಬಂದಳು. ಮಾರ್ಕ್ಸಿನಲ್ಲಿ ಏಳನೆಯವಳು. ಆದರೆ ಶಾಲೆಯ ಗೋಡೆಗೆ ಅಂಟಿಸಿದ ಪಟ್ಟಿಯಲ್ಲಿ ಅವಳ ಹೆಸರು ಇದ್ದದ್ದು ಕೆಳಗೆ, ಗಡಿಯ ನಾಲ್ವರಲ್ಲಿ ಮೊದಲನೆಯದಾಗಿ. ಹೆಸರು ಸಿಕ್ಕಿತಲ್ಲ ಎಂಬ ಸಂಭ್ರಮದಲ್ಲಿ ನಾನು ಅದರ ಅರ್ಥ ಹುಡುಕಲು ಹೋಗಲಿಲ್ಲ. ನನ್ನ ಗಂಡ ಕೃಷ್ಣಾತ ಮಳೆ ಹಿಡಿಯುವ ಮುಂಚೆ ಕೋವಾಡದ ಕಡೆಯಿಂದ ಕುರಿ ಹಿಂಡು ಹೊಡೆದುಕೊಂಡು ಆಗಷ್ಟೇ ಊರಿಗೆ ಬಂದಿದ್ದ. ಕೈಕಾಲು ತೊಳೆಯದೆ ಪೇಟೆಗೆ ಓಡಿ ಪೇಡೆ ತಂದ, ಕೇರಿಗೆಲ್ಲ ಹಂಚಿದ.

ಎದುರು ಮನೆಯ ಇಂದುಬಾಯಿ ಮಗಳು ಸಾನಿಕಾಳನ್ನು ಕರೆದುಕೊಂಡು ಬಂದಳು. ಸಾನಿಕಾ ಮತ್ತು ಪ್ರೇರಣಾ ಒಂದೇ ಶಾಲೆ, ಒಂದೇ ದೀಪದ ಕೆಳಗೆ ಓದಿದವರು. ಅವಳ ಹೆಸರು ಪಟ್ಟಿಯಲ್ಲಿ ಇರಲಿಲ್ಲ. ಗಡಿಯ ಶಾಲೆಗಳ ಮಕ್ಕಳಲ್ಲಿ ಅವಳು ಐದನೆಯವಳು. ಹುಡುಗಿಯ ಕಣ್ಣು ಅತ್ತು ಅತ್ತು ಊದಿದ್ದವು. ಆದರೂ ಪೇಡೆ ಬಾಯಿಗೆ ಹಾಕಿಕೊಂಡು "ಭಾಳ ಚೊಲೊ ಆತು ಕಾಕಿ" ಎಂದಳು. ನಾನು ಅವಳ ಕೈಗೆ ಇನ್ನೊಂದು ಪೇಡೆ ಇಟ್ಟೆ.

ಅವರು ಹೋದ ಮೇಲೆ ನನ್ನ ಅತ್ತೆ ನಾಗೂಬಾಯಿ ಎಲೆಯಡಿಕೆ ಚೀಲ ಪಕ್ಕಕ್ಕಿಟ್ಟು ಕೇಳಿದಳು.

"ಉಜ್ವಲಾ, ಮಾರ್ಕ್ಸಿನ ಮ್ಯಾಲ ಇಪ್ಪತ್ತು ಮಂದಿ ಅಂದಿ. ನಮ್ಮ ಹುಡುಗಿ ಏಳನೇದು. ಮತ್ತ ಗಡಿ ಸೀಟಿನಾಗ ಯಾಕ ಕುಂಡ್ರಿಸ್ಯಾರ?"

"ಗಡಿಯಾಕಿ ಅಂತ ಇರಬೇಕು, ಅತ್ತಿ."

"ಗಡಿಯಾಕಿ ಖರೇ. ಆದ್ರ ಆ ಸೀಟ್ ಇಲ್ಲದನೂ ಬಂದಾಳಲ್ಲ."

ನಮ್ಮ ಮನೆತನದಲ್ಲಿ ಅಣ್ಣತಮ್ಮಂದಿರು ಬೇರೆಯಾಗುವಾಗ ಹಿಂಡನ್ನು ಹಿಸ್ಸೆ ಮಾಡುತ್ತಾರೆ. ಸೊಸೆಯಾದವಳು ಮದುವೆಯಲ್ಲಿ ತವರಿನಿಂದ ತಂದ ಕುರಿಯನ್ನೂ ಅದರ ಮರಿಗಳನ್ನೂ ಅದಕ್ಕೆ ಮೊದಲೇ ಬೇರೆ ನಿಲ್ಲಿಸಬೇಕು. ಅದು ಅವಳದು, ಗಂಡನ ಪಾಲಿನಲ್ಲಿ ಎಣಿಸುವ ಹಾಗಿಲ್ಲ. ಅತ್ತೆಯ ಮೈದುನರು ಅವಳ ತವರಿನ ಕುರಿಗಳನ್ನು ಮಾವನ ಪಾಲಿಗೆ ಎಣಿಸಿಬಿಟ್ಟಿದ್ದರಂತೆ. ನಿನ್ನ ಕುರಿ ನಿನ್ನ ಮನೆಗೇ ಬಂತಲ್ಲ, ಇನ್ನೇನು ತಕರಾರು ಎಂದು ಮೇಲಿಂದ ನಕ್ಕರಂತೆ. ಅತ್ತೆ ದೊಡ್ಡಿಯ ಬಾಯಿಗೆ ಅಡ್ಡ ಕೂತಳು. ಒಂದು ಕುರಿಯನ್ನೂ ಮೇಯಲು ಬಿಡಲಿಲ್ಲ. ಹಿಂಡು ಹಸಿದು ಒದರಾಡಿತು, ಊರೇ ಬಂದು ನಿಂತಿತು. ಕಡೆಗೆ ಎಣಿಕೆ ಹೊಸದಾಗಿ ನಡೆಯಿತು.

"ಆಕಿ ಮಾರ್ಕ್ಸ್ ಆಕಿ ತವರಿನ ಕುರಿ ಇದ್ದಂಗ," ಎಂದಳು ಅತ್ತೆ. "ಅದನ್ನ ಗಡಿ ಪಾಲಿನಾಗ ಎಣಿಸಿ ಒಂದು ಸೀಟ್ ನುಂಗ್ಯಾರ. ನುಂಗಿದ್ದು ಸಾನಿಕಾಂದು."

ನನಗೆ ಮೈಯೆಲ್ಲ ಉರಿದುಹೋಯಿತು. ನಮ್ಮ ಬಾಯಿಗೆ ಪೇಡೆ ಹಾಕಿ ನಮ್ಮ ಕೈಯಿಂದಲೇ ಆ ಹುಡುಗಿಯ ತಟ್ಟೆ ಎಳೆಸಿದ್ದರು. ಕೃಷ್ಣಾತನಿಗೆ ಹೇಳಿದೆ. ಅವನಿಗೆ ತಿಳಿಯಲಿಲ್ಲವೆಂದಲ್ಲ, ತಿಳಿದದ್ದಕ್ಕೇ ಹೆದರಿದ.

"ನಮ್ಮ ಕೂಸಿಗೆ ಸಿಕ್ಕೈತಿ. ಸುಮ್ನ ಕುಂಡ್ರು. ಕೆದರಾಕ ಹೋದ್ರ ಇದ್ದದ್ದೂ ಹೊಕ್ಕೈತಿ."

"ಹೋಗ್ಲಿ. ಇಂದುಬಾಯಿ ಮುಂದ ನಾ ದಿನಾ ಹೆಂಗ ಅಡ್ಡಾಡ್ಲಿ ಹೇಳ್ರಿ."

ಅವನು ಕುರಿಗಳಿಗೆ ನೀರು ಕುಡಿಸಲು ಹೋದ. ಮರುದಿನ ಬೆಳಿಗ್ಗೆ ಪ್ರೇರಣಾಳನ್ನು ಕರೆದುಕೊಂಡು ನಾನು ಗಡಹಿಂಗ್ಲಜದ ಬಸ್ಸು ಹತ್ತಿದೆ. ಇಂದುಬಾಯಿಗೆ ಏನೂ ಹೇಳಲಿಲ್ಲ. ಆಸೆ ಹಚ್ಚಿ ಬರಿಗೈಯಲ್ಲಿ ಬಂದರೆ ಅದು ಇನ್ನೂ ಕೆಟ್ಟದ್ದು.

ಮುಖ್ಯಾಧ್ಯಾಪಕ ಬಾಳಾಸಾಹೇಬರು ಕೆಟ್ಟ ಮನುಷ್ಯರಲ್ಲ. ಕೂರಲು ಹೇಳಿದರು, ಚಹಾ ತರಿಸಿದರು, ಪ್ರೇರಣಾಳ ಬೆನ್ನು ತಟ್ಟಿ "ಶಾಬಾಸ್" ಎಂದರು. ನಾನು ವಿಷಯ ಎತ್ತಿದ ಮೇಲೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಹೇ ಬಘಾ ತಾಈ, ಇಲ್ಲಿ ನೋಡ್ರಿ ಅಕ್ಕಾ, ವರ್ಗ ಅಂದ್ರ ಸಮತೋಲ ಇರಬೇಕ್ರಿ. ನಿಮ್ಮ ಮಗಳನ್ನ ಮ್ಯಾಲ ಒಯ್ದ್ರ ಇಪ್ಪತ್ತನೇ ಜಾಗದ ಹುಡುಗ ಹೊರಗ ಬೀಳ್ತಾನ. ಅವನ ಆಈ-ಬಾಬಾಗ ಏನ್ ಹೇಳಲಿ? ಮತ್ತ ಗಡಿಯವರು ಐದು ಮಂದಿ ಆಗ್ತಾರ. ನಾಲ್ಕು ಅಂತ ಠರಾವೈತಿ."

"ಠರಾವಿನಾಗ ಗಡಿಯವರು ನಾಲ್ಕು ಮಂದಿಗಿಂತ ಹೆಚ್ಚು ಇರಬಾರದು ಅಂತ ಐತೇನ್ರಿ?"

"ಹಂಗಲ್ಲ. ನಾಲ್ಕು ಸೀಟ್ ಅಂತ ಐತಿ."

"ಹಂಗಂದ್ರ ನಾಲ್ಕು ಕೊಡ್ರಿ. ಮೂರ ಕೊಟ್ಟೀರಿ. ಒಂದು ಆಕಿ ತಾನ ಗಳಿಸಿದ್ದು."

ಅವರಿಗೆ ಸಿಟ್ಟು ಬಂದಿತ್ತು, ತೋರಿಸಿಕೊಳ್ಳಲಿಲ್ಲ. ಒಂದು ಬಿಳಿ ಹಾಳೆ ನನ್ನ ಮುಂದೆ ಸರಿಸಿದರು. ಅಷ್ಟು ಕಾಳಜಿ ಇದ್ದರೆ ಪ್ರೇರಣಾಳ ಗಡಿ ಸೀಟು ಬೇಡವೆಂದು ಬರೆದುಕೊಡಿ, ಅದೇ ಸೀಟು ಇವತ್ತೇ ಸಾನಿಕಾಳಿಗೆ ಹೋಗುತ್ತದೆ ಎಂದರು. ಹಾಗಾದರೆ ಪ್ರೇರಣಾ ಎಲ್ಲಿ ಕೂರಬೇಕು ಎಂದು ಕೇಳಿದೆ. ಮೇಲಿನ ಇಪ್ಪತ್ತು ಭರ್ತಿಯಾಗಿವೆ, ಅದರಲ್ಲಿ ತಮ್ಮ ಕೈಯಲ್ಲಿ ಏನೂ ಇಲ್ಲ ಎಂದರು. ಯಾವ ತಾಯಿಯೂ ಅದನ್ನು ಬರೆಯುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. ಗೊತ್ತಿದ್ದೇ ಸರಿಸಿದ್ದು.

ಸುಳ್ಳೇಕೆ ಹೇಳಲಿ, ಹಾಳೆಯನ್ನು ವಾಪಸ್ಸು ತಳ್ಳಿ ಚಹಾ ಕುಡಿದು ಎದ್ದುಬಿಡೋಣ ಎನಿಸಿತು. ಕುರಿಯ ಹಿಂದೆ ಊರೂರು ತಿರುಗಿ ನಾಲ್ಕು ಶಾಲೆ ಬದಲಿಸಿ ನನ್ನ ಓದು ಹತ್ತನೆಯದಕ್ಕೇ ನಿಂತಿತ್ತು. ಮಗಳದೂ ನಿಲ್ಲುವುದಾದರೆ ಅದು ನನ್ನ ಕೈಯಿಂದಲೇ ಆಗಬೇಕೆ?

"ನೀ ಏನ್ ಅಂತಿ?" ಎಂದು ಪ್ರೇರಣಾಳನ್ನು ಕೇಳಿದೆ.

ಅವಳು ಹಾಳೆಯನ್ನು ನೋಡಿದಳು, ಬಾಳಾಸಾಹೇಬರನ್ನು ನೋಡಿದಳು. "ಬರಕೊಡವ್ವಾ. ಅದು ಸಾನಿಕಾನ ಜಾಗ. ನಂದು ಏಳನೇದು."

ಬರೆದೆ. ಕನ್ನಡ ಓದಲು ಬರಲಿಲ್ಲ ಎಂಬ ನೆಪ ಯಾರಿಗೂ ಸಿಗಬಾರದೆಂದು ಮರಾಠಿಯಲ್ಲೇ ಬರೆದೆ. ಗಡಿಯ ಸೀಟು ನನ್ನ ಮಗಳದಲ್ಲ, ಸಾನಿಕಾಳದು, ಅವಳಿಗೆ ಕೊಡಿ. ನನ್ನ ಮಗಳು ಏಳನೆಯವಳು, ಸೋಮವಾರ ಬಂದು ಏಳನೆಯ ಜಾಗದಲ್ಲಿ ಕೂರುತ್ತಾಳೆ. ಕೆಳಗೆ ಸಹಿ ಮಾಡಿದೆ. ಬಾಳಾಸಾಹೇಬರು ಓದಿ, ಎರಡನೆಯ ಸಾಲನ್ನು ಬೆರಳಿನಿಂದ ಮುಚ್ಚಿದರು. ಇದನ್ನು ತೆಗೆಯಿರಿ ಎಂದರು. ನಾನು ತೆಗೆಯಲಿಲ್ಲ.

ಕೊಟ್ಟ ಮಾತಿಗೆ ಅವರು ತಪ್ಪಲಿಲ್ಲ. ಅಂದೇ ಸಂಜೆ ಇಂದುಬಾಯಿಗೆ ಫೋನು ಬಂತು. ಅವಳು ಅಂಗಳದಲ್ಲಿ ನಿಂತು ನನ್ನ ಕಡೆ ನೋಡಿದಳು, ಬಂದು ನನ್ನ ಭುಜಕ್ಕೆ ತಲೆಯಿಟ್ಟಳು. ಕೃಷ್ಣಾತ ಆ ರಾತ್ರಿ ಉಣ್ಣಲಿಲ್ಲ. ಅವನ ಸಿಟ್ಟು ನ್ಯಾಯದ್ದೇ, ನಾನು ವಾದಿಸಲಿಲ್ಲ.

ಸೋಮವಾರ ವರ್ಗ ಶುರುವಾಯಿತು. ಅಲ್ಲಿ ಮಕ್ಕಳನ್ನು ಮಾರ್ಕ್ಸಿನ ಕ್ರಮದಲ್ಲೇ ಕೂರಿಸುತ್ತಾರೆ, ಒಂದು ಬಾಕಿಗೆ, ಅಂದರೆ ಬೆಂಚಿಗೆ, ಇಬ್ಬರು. ಗಡಿಯ ನಾಲ್ವರು ಕೊನೆಯ ಎರಡು ಬಾಕಿನಲ್ಲಿ. ಸಾನಿಕಾ ಅಲ್ಲಿ ಹೋಗಿ ಕೂತಳು. ಪ್ರೇರಣಾ ಎರಡು ಜಡೆ ಬಿಗಿದುಕೊಂಡು ನೇರವಾಗಿ ನಾಲ್ಕನೆಯ ಬಾಕಿನ ಬಳಿ ಹೋಗಿ ನಿಂತಳು. ಅಲ್ಲಿ ಆಗಲೇ ಇಬ್ಬರು ಇದ್ದರು. ಇತರ ತಂದೆತಾಯಿಗಳ ಜೊತೆ ನಾನು ಹೊರಗೆ ಪಡಸಾಲೆಯಲ್ಲಿದ್ದೆ.

ವರ್ಗದ ಶಿಕ್ಷಕಿ ಶೀತಲ ಮೇಡಂ ಹಾಜರಿ ಕರೆದು ಮುಗಿಸಿದರು. ಪ್ರೇರಣಾಳ ಹೆಸರು ಬರಲಿಲ್ಲ. ಅವಳು ಕದಲಲಿಲ್ಲ.

"ನೀನ್ಯಾಕ ನಿಂತಿ?" ಎಂದು ಮೇಡಂ ಕೇಳಿದರು.

"ನನ್ನ ಜಾಗದಾಗ ಬ್ಯಾರೆದಾರು ಕುಂತಾರ್ರಿ ಮೇಡಂ. ನಂದು ಏಳನೇ ನಂಬರ್."

ಮೇಡಂ ಅವಳ ಹೆಸರು ಕೇಳಿದರು, ಮೇಜಿನ ಮೇಲಿದ್ದ ಮಾರ್ಕ್ಸಿನ ಹಾಳೆ ನೋಡಿದರು. ಆಮೇಲೆ ಆ ಬಾಕಿನ ಮೊದಲ ಹುಡುಗಿಯನ್ನು ನಿನ್ನ ನಂಬರು ಎಷ್ಟು ಎಂದರು. ಎಂಟು ಎಂದು ಅವಳು ತಲೆ ತಗ್ಗಿಸಿದಳು.

"ಹಂಗಾರ ಒಂದು ಜಾಗ ಸರಿ, ಕೂಸ," ಎಂದರು ಮೇಡಂ.

ಎಂಟನೆಯವಳು ಸರಿದಳು, ಪ್ರೇರಣಾ ಕೂತಳು, ಒಂಬತ್ತನೆಯವನು ಎದ್ದ. ಹೀಗೆ ದಫ್ತರದ ಚೀಲ ಎತ್ತಿಕೊಂಡು ಒಬ್ಬೊಬ್ಬರೇ ಒಂದೊಂದು ಜಾಗ ಹಿಂದೆ ಹೋದರು. ಕೊನೆಗೆ ಇಪ್ಪತ್ತನೆಯ ಜಾಗದಲ್ಲಿದ್ದ ಇಪ್ಪತ್ತೊಂದನೆಯ ಹುಡುಗ ನಡುದಾರಿಯಲ್ಲಿ ಉಳಿದ. ಹೊಸ ಬೂಟು, ಕೈಯಲ್ಲಿ ನೀರಿನ ಬಾಟಲಿ. ಅವನು ಅಳತೊಡಗಿದ. ನನ್ನ ಪಕ್ಕದಲ್ಲಿದ್ದ ಅವನ ತಾಯಿ "ವೈಭವ" ಎಂದು ಸಣ್ಣಗೆ ಕೂಗಿದಳು. ಆದರೂ ಮಗಳಿಗೆ ಎದ್ದೇಳು ಎನ್ನಲು ನನಗೆ ಬಾಯಿ ಬರಲಿಲ್ಲ.

ಸದ್ದು ಕೇಳಿ ಬಾಳಾಸಾಹೇಬರು ಬಂದರು. ಬಾಗಿಲಲ್ಲಿ ನಿಂತು ಒಳಗೆ ನೋಡಿದರು, ನನ್ನ ಕಡೆ ತಿರುಗಿದರು.

"ಈಗ ಸಮಾಧಾನ ಆತೇನ್ರಿ? ಆ ಕೂಸು ಅಳಾಕತ್ತೈತಿ ನೋಡ್ರಿ, ನಿಮ್ಮಿಂದ."

"ನನ್ನಿಂದ ಅಲ್ರಿ. ಸಾನಿಕಾ ಮನ್ಯಾಗ ಕುಂತು ಅತ್ತಾಗ ನಿಮಗ ಕಾಣ್ಲಿಲ್ಲ. ಇವ ನಿಮ್ಮ ಕಣ್ಣ ಮುಂದ ಅಳಾಕತ್ತಾನ, ಅಷ್ಟ ಫರಕು."

"ವರ್ಗ ತುಂಬೇತ್ರಿ. ಇಪ್ಪತ್ತನಾಲ್ಕು ಅಂದ್ರ ಇಪ್ಪತ್ತನಾಲ್ಕು."

"ಹಿಂದ ಗ್ವಾಡಿ ತನಕಾ ಜಾಗ ಐತಿ. ತುಂಬೇತಿ ಅಂದದ್ದು ನೀವು, ಖೋಲಿ ಅಲ್ಲ."

ಅವರು ಬಾಗಿಲ ಚೌಕಟ್ಟಿಗೆ ಕೈ ಅಡ್ಡ ಇಟ್ಟರು. ತಂದೆತಾಯಿಗಳು ಕೂರಲೆಂದು ಪಡಸಾಲೆಯಲ್ಲಿ ಒಂದು ಹಳೆಯ ಬಾಕು ಹಾಕಿದ್ದರು. ಅದರ ಮೇಲಿದ್ದವರನ್ನು ಎಬ್ಬಿಸಿ, ಒಳಗೆ ಒಯ್ಯಲೆಂದು ಒಂದು ತುದಿಗೆ ಕೈ ಹಾಕಿದೆ. ತೇಗದ ಮರದ್ದು, ಒಬ್ಬಳಿಂದ ಅಲುಗಲಿಲ್ಲ. ವೈಭವನ ತಾಯಿ ನನ್ನನ್ನೇ ದುರುಗುಟ್ಟಿ ನೋಡುತ್ತಿದ್ದಳು. ಅವಳ ಕಣ್ಣಲ್ಲಿ ನನ್ನನ್ನು ಸುಡುವಷ್ಟು ಬೆಂಕಿಯಿತ್ತು.

"ನಿಮ್ಮ ಮಗಾ ನಿಂತಾನ್ರಿ," ಎಂದೆ. "ಆ ಕಡೆ ಹಿಡೀರಿ."

ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ಆ ಕಡೆ ಹಿಡಿದಳು. ಬಾಳಾಸಾಹೇಬರು ಇನ್ನೂ ಬಾಗಿಲಿಗೆ ಅಡ್ಡ ನಿಂತೇ ಇದ್ದರು. ಎತ್ತಿದ ಬಾಕನ್ನು ನಾವಿಬ್ಬರೂ ಇಳಿಸಲಿಲ್ಲ.

"ಆ ಕಡೆ ಸರೀರಿ ಸರ್," ಎಂದಳು ಅವಳು.